ಅತಿಥಿಯ ಋಣ

ಅತಿಥಿಯೆಂಬ ಪದಕ್ಕೆ ನಮ್ಮ ಪೂರ್ವಿಕರು ಹೇಳಿರುವ ಅರ್ಥಗಳಲ್ಲಿ ಒಂದು ವಿಶೇಷವಾಗಿ ವಿಚಾರಾರ್ಹವಾಗಿದೆ. ಯಾವನ ನಿಲವು ನಿತ್ಯವಲ್ಲವೋ, ಯಾವನು ಒಂದು ರಾತ್ರಿಯನ್ನು ಮಾತ್ರ ಕಳೆದು ಮುಂದೆ ಹೊರಡುವನೋ, ಅವನು ಅತಿಥಿಯೆಂದು ಸ್ಮೃತಿಕಾರರ ಮತ. ಅಂತಹವನು ಬಂದಾಗ ಗೃಹಸ್ಥನು ಹೇಗೆ ಎದುರುಗೊಳ್ಳಬೇಕು, ಯಾವ ಆಸನವನ್ನು ಕೊಡಬೇಕು, ಅವನು ಉಂಡ ತರುವಾಯ ತಾನು ಹೇಗೆ ಉಣ್ಣಬೇಕು ಎಂಬುದನ್ನೆಲ್ಲ ಶಾಸ್ತ್ರಗಳು ವಿಸ್ತಾರವಾಗಿ ವಿಧಿಸಿವೆ. ಅತಿಥಿಯ ಕರ್ತವ್ಯವನ್ನು ಕುರಿತು ಹೇಳಿರುವುದು ಸ್ವಲ್ಪ. ಪ್ರಾಯಶಃ ಆ ಕಾಲದಲ್ಲಿ ಅದನ್ನು ಹೇಳುವ ಅವಶ್ಯಕತೆಯೇ ಇರಲಿಲ್ಲ. ಬಿಸಿಲಿನಲ್ಲಿ ನಡೆದು ದಣಿದು ಬಂದವನು ಒಂದು ತಂಬಿಗೆ ನೀರಿನ ಬೆಲೆಯನ್ನು ತಾನೇ ಬಲ್ಲವನಾಗಿದ್ದನು.

ಇಂದಿನ ಸ್ಥಿತಿ ಬೇರೆ. ಈಗ ಮನುಷ್ಯನು ಒಂದು ಮನೆಗೆ ಮಾತ್ರವಲ್ಲ, ಇಡಿಯ ಊರಿಗೇ ಅತಿಥಿಯಾಗಿ ಹೋಗುತ್ತಾನೆ. ಮಲಗುವ ಕೊಠಡಿಗೂ ಉಣ್ಣುವ ಅನ್ನಕ್ಕೂ ನೋಡುವ ಅರಮನೆಗೂ ಹಣವನ್ನು ತೆರುತ್ತಾನೆ. ತೆತ್ತಾದ ಮೇಲೆ ತನ್ನ ಲೆಕ್ಕ ತೀರಿತೆಂದು ತಿಳಿಯುತ್ತಾನೆ. ಲೆಕ್ಕವೇನೋ ತೀರಿತು, ಋಣವೂ ತೀರಿತೆ? ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಎತ್ತಿಕೊಂಡರೆ ಚರ್ಚೆಯು ಗಾಳಿಯಲ್ಲಿ ತೇಲೀತು. ಆದುದರಿಂದ ಒಂದು ನಿರ್ದಿಷ್ಟವಾದ ಊರನ್ನೂ ಎರಡು ದಿನಗಳ ಬಿಡುವನ್ನೂ ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಓಡ್ ನದಿಯ ಬಲದಂಡೆಯ ಗುಡ್ಡದ ಮೇಲೆ, ಕಾರ್ಕಾಸೋನ್ ಎಂಬ ಕೋಟೆಯ ಊರಿದೆ. ನಮ್ಮ ಮನೆಗಳಿಗೆ ಇದು ಹಿಂದಿನಷ್ಟು ದೂರದ ಹೆಸರಲ್ಲ. ವಿಮಾನಗಳನ್ನು ನಿರ್ಮಿಸುವ ತುಲೂಸ್ ನಗರಕ್ಕೆ ಬೆಂಗಳೂರಿನಿಂದ ನಮ್ಮ ತರುಣ ಎಂಜಿನಿಯರುಗಳು ಕೆಲಸದ ಮೇಲೆ ಹೋಗುತ್ತಾರೆ. ಅಲ್ಲಿಂದ ಕಾರ್ಕಾಸೋನಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ವಾರದ ಕೊನೆಯಲ್ಲಿ ಬಿಡುವು ದೊರೆತರೆ ಅಲ್ಲಿಗೆ ಹೋಗಿ ಬರೋಣವೆಂದು ಅವರು ಯೋಚಿಸುವುದು ಸಹಜ. ಒಂದರೊಳಗೊಂದಾಗಿ ಎರಡು ಪ್ರಾಕಾರಗಳು, ಒಟ್ಟು ಸುಮಾರು 3 ಕಿಲೋಮೀಟರ್ ಉದ್ದದ ಗೋಡೆ, 52 ಬುರುಜುಗಳು, ನಡುವೆ ಅರಸರ ಅರಮನೆ, ಬಣ್ಣದ ಗಾಜಿನ ಕಿಟಕಿಗಳಿಂದ ಶೋಭಿಸುವ ಸೇಂಟ್ ನಜೇರ್ ದೇವಾಲಯ. ದೂರದಿಂದ ಕಂಡವನಿಗೆ ಮಕ್ಕಳ ಕಥೆಯ ಚಿತ್ರವೇ ಎದ್ದು ನಿಂತಂತೆ ತೋರುವುದು. 1997ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಸಾಮಾನ್ಯವಾಗಿ ಜನರು ಹಾಕಿಕೊಳ್ಳುವ ಕಾರ್ಯಕ್ರಮ ಹೀಗಿರುತ್ತದೆ: ಬೆಳಗ್ಗೆ ಬಂದು ನೇರವಾಗಿ ಕೋಟೆಯನ್ನು ಹೊಗುವುದು, ಚಿತ್ರಗಳನ್ನು ತೆಗೆಯುವುದು, ಮಧ್ಯಾಹ್ನ ಉಣ್ಣುವುದು, ಮಕ್ಕಳಿಗೆ ಮರದ ಕತ್ತಿಯೊಂದನ್ನು ಕೊಳ್ಳುವುದು, ಸಂಜೆಯ ರೈಲಿಗೆ ಹಿಂದಿರುಗುವುದು. ನಾರ್ಬನ್ ಬಾಗಿಲಿನ ಎದುರಿಗೆ ಕಾರ್ಕಾಸ್ ಎಂಬ ರಾಣಿಯ ಕಲ್ಲಿನ ಮೂರ್ತಿಯಿದೆ. ಆಕೆಯ ಕಥೆಯನ್ನು ಎಲ್ಲರೂ ಕೇಳಿಯೇ ಬರುತ್ತಾರೆ. ಶಾರ್ಲಮೇನ್ ಚಕ್ರವರ್ತಿಯು ವರ್ಷಗಟ್ಟಲೆ ಮುತ್ತಿಗೆ ಹಾಕಿ ಊರಿನಲ್ಲಿ ಆಹಾರ ತೀರಿದಾಗ, ಆಕೆ ಉಳಿದ ಒಂದೇ ಹಂದಿಗೆ ಉಳಿದ ಗೋದಿಯನ್ನೆಲ್ಲ ತಿನ್ನಿಸಿ ಗೋಡೆಯಿಂದ ಕೆಳಕ್ಕೆ ಎಸೆಸಿದಳಂತೆ. ಒಡೆದ ಹೊಟ್ಟೆಯಲ್ಲಿ ಗೋದಿಯನ್ನು ಕಂಡ ಶತ್ರುಗಳು, ಹಂದಿಗೂ ಗೋದಿ ಹಾಕುವಷ್ಟು ಸಮೃದ್ಧಿ ಒಳಗಿರುವುದೆಂದು ನಂಬಿ ಹೊರಟುಹೋದರಂತೆ. ಕಥೆ ಚೆನ್ನಾಗಿದೆ, ಇತಿಹಾಸದಲ್ಲಿ ಅದಕ್ಕೆ ಆಧಾರವಿಲ್ಲ.

ನಿಜವಾಗಿ ನಡೆದ ಮುತ್ತಿಗೆಯು ಮತ್ತೊಂದು. ಹನ್ನೆರಡನೆಯ ಶತಮಾನದಲ್ಲಿ ಆ ಸೀಮೆಯಲ್ಲಿ ಕ್ಯಾಥರರೆಂಬ ಪಂಗಡದವರು ಬೆಳೆದಿದ್ದರು. ಒಳಿತು ಕೆಡಕುಗಳೆಂಬ ಎರಡು ತತ್ತ್ವಗಳನ್ನು ಒಪ್ಪಿ, ಈ ಜಡಪ್ರಪಂಚವು ಕೆಡಕಿನ ಸೃಷ್ಟಿಯೆಂದು ನಂಬಿದ ಅವರಲ್ಲಿ ದೀಕ್ಷೆ ಹೊಂದಿದವರು ಮಾಂಸವನ್ನೂ ಸಂಸಾರವನ್ನೂ ತೊರೆದು ಬಾಳುತ್ತಿದ್ದರು. ರೋಮಿನ ಧರ್ಮಪೀಠಕ್ಕೆ ಇದು ಪಾಷಂಡಮತವೆಂದು ತೋರಿತು. ಮೂರನೆಯ ಇನ್ನೊಸೆಂಟ್ ಪೋಪನು ಇವರ ಮೇಲೆ ಧರ್ಮಯುದ್ಧವನ್ನು ಸಾರಿಸಿದನು. 1209ರ ಜುಲೈ 22ರಂದು ಬೆಜಿಯೆ ಎಂಬ ನೆರೆಯ ಊರಿನಲ್ಲಿ ಮತಭೇದವನ್ನೂ ಎಣಿಸದೆ ಜನರನ್ನು ಕೊಂದರು. ಆಗಸ್ಟಿನಲ್ಲಿ ಸೈನ್ಯವು ಕಾರ್ಕಾಸೋನನ್ನು ಸುತ್ತಿತು. ಕಡುಬೇಸಗೆ, ಆಶ್ರಯ ಬೇಡಿ ಬಂದವರಿಂದ ಕಿಕ್ಕಿರಿದ ಊರು, ನೀರಿಲ್ಲ. ಒಡೆಯನಾದ ರೇಮೊಂ-ರೋಜೆ ತ್ರಾಂಕಾವೆಲನು ಸ್ವತಃ ಆ ಮತದವನಲ್ಲದಿದ್ದರೂ ತನ್ನ ಪ್ರಜೆಗಳನ್ನು ಒಪ್ಪಿಸಿಕೊಡಲಿಲ್ಲ. ಸಂಧಾನಕ್ಕೆಂದು ಹೊರಗೆ ಬಂದವನನ್ನು ಹಿಡಿದಿಟ್ಟರು. ಊರಿನವರೆಲ್ಲರೂ ಮೈಮೇಲಿನ ಬಟ್ಟೆಯೊಂದನ್ನು ಬಿಟ್ಟು ಬೇರೇನನ್ನೂ ಒಯ್ಯದೆ ಹೊರಟುಹೋಗಬೇಕೆಂದು ಕಟ್ಟಳೆಯಾಯಿತು. ಅದೇ ನವೆಂಬರಿನಲ್ಲಿ, 24ನೆಯ ವಯಸ್ಸಿನಲ್ಲಿ, ತ್ರಾಂಕಾವೆಲನು ತನ್ನ ಅರಮನೆಯ ಸೆರೆಯಲ್ಲೇ ಸತ್ತನು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಅದನ್ನು ಹಗುರವಾಗಿ ತಳ್ಳಬಾರದು. “ದುಡಿದು ಬಳಲಿದವನು ಎರಡು ದಿನ ನಗುತ್ತ ಕಾಲ ಕಳೆಯಲೆಂದು ಹೊರಟರೆ, ಎಂಟು ನೂರು ವರ್ಷದ ಹಿಂದಿನ ಹೆಣಗಳನ್ನು ಅವನ ಹೆಗಲಿಗೆ ಏಕೆ ಏರಿಸುವಿರಿ? ರಕ್ತ ಚೆಲ್ಲದ ನೆಲ ಎಲ್ಲಿದೆ? ಈ ಲೆಕ್ಕವನ್ನು ಹಿಡಿದರೆ ಮನುಷ್ಯನು ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲ. ಸತ್ತವರಿಗೆ ಅವನ ದುಃಖದಿಂದ ಆಗುವ ಲಾಭವಾದರೂ ಏನು?” ಎಂದು ಕೇಳಬಹುದು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅತಿಥಿಯು ಶೋಕಿಸಲೇಬೇಕೆಂದು ಯಾರೂ ವಿಧಿಸಲಾರರು. ಬಲವಂತವಾಗಿ ತಂದುಕೊಂಡ ಶೋಕವು ನಟನೆಯಾದೀತು. ಕೋಟೆಯೊಳಗೆ ಬಾಳಿದವರೂ ನಕ್ಕರು, ಹಾಡಿದರು, ಮಕ್ಕಳಿಗೆ ಮದುವೆ ಮಾಡಿದರು. ಅವರ ಊರಿನಲ್ಲಿ ನಾವು ನಕ್ಕರೆ ಅವರಿಗೆ ಅಪಚಾರವಾಗದು. ಆದರೆ ತಿಳಿಯುವುದು ಬೇರೆ, ಶೋಕಿಸುವುದು ಬೇರೆ. ಒಬ್ಬರ ಮನೆಗೆ ಉಣ್ಣಲು ಹೋದಾಗ ಆ ಮನೆಯಲ್ಲಿ ಹಿಂದೆ ಒಂದು ಸಾವಾಗಿತ್ತೆಂದು ತಿಳಿದವನು ಊಟವನ್ನು ಬಿಡುವುದಿಲ್ಲ. ಆಡುವ ಮಾತನ್ನು ಮಾತ್ರ ಅರಿತು ಆಡುತ್ತಾನೆ. ಆ ಅರಿವು ಸತ್ತವನಿಗೆ ಲಾಭವೆಂದಲ್ಲ. ಅದಿಲ್ಲದವನು ಆ ಮನೆಗೆ ಬಂದೂ ಬಾರದವನೇ ಆಗುತ್ತಾನೆ. ಮರೆತರೆ ಮಾತ್ರ ದೊರೆಯುವ ಸಂತೋಷವು ಎಷ್ಟು ದಿನ ನಿಂತೀತು?

ಮತ್ತೊಂದು ಸಂಗತಿಯನ್ನು ನೋಡಿರಿ. ಯುದ್ಧ ಮುಗಿದ ಮೇಲೆ ಪಾಷಂಡಿಗಳನ್ನು ಹುಡುಕುವ ಇಂಕ್ವಿಸಿಷನ್ ಎಂಬ ಧರ್ಮವಿಚಾರಣೆಯು ಬಂದಿತು. ಅದರ ಸೆರೆಮನೆಯು ಕೋಟೆಯ ಕೆಳಗೆ ನದಿಯ ದಂಡೆಯಲ್ಲಿತ್ತು. ಜನರು ಅದನ್ನು ಕರೆಯುತ್ತಿದ್ದ ಹೆಸರು ‘ಗೋಡೆ’. ಊರನ್ನು ಕಾಯುವ ವಸ್ತುವಿಗೂ ಊರಿನವರನ್ನು ಕೊರಗಿಸುವ ಸ್ಥಳಕ್ಕೂ ಒಂದೇ ಪದವಾಯಿತು. ಬೆರ್ನಾರ್ ದೆಲಿಸ್ಯ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯೊಬ್ಬನು ಈ ವಿಚಾರಣೆಯ ಅನ್ಯಾಯವನ್ನು ಬಹಿರಂಗವಾಗಿ ಖಂಡಿಸಿದನು. ಪೀಟರ್ ಮತ್ತು ಪಾಲ್ ಎಂಬ ಆದಿಸಂತರೇ ಬಂದರೂ ಈ ನ್ಯಾಯಸ್ಥಾನದ ಮುಂದೆ ತಮ್ಮ ನಿರಪರಾಧವನ್ನು ಸ್ಥಾಪಿಸಲಾರರೆಂಬುದು ಅವನ ವಾದವಾಗಿತ್ತು. 1303ರಲ್ಲಿ ಜನರು ಎದ್ದು ನಿಂತು, ಸೆರೆಯಾಳುಗಳನ್ನು ಆ ‘ಗೋಡೆ’ಯಿಂದ ಬಿಡಿಸಿ ರಾಜನ ಕಾವಲಿಗೆ ಒಪ್ಪಿಸುವಂತೆ ಮಾಡಿದರು. ಈ ಜಯವು ನಿಲ್ಲಲಿಲ್ಲ. 1319ರಲ್ಲಿ ದೆಲಿಸ್ಯನನ್ನೇ ವಿಚಾರಿಸಿ ಆಜೀವ ಸೆರೆಗೆ ಹಾಕಿದರು; ಸ್ವಲ್ಪ ಕಾಲದಲ್ಲೇ ಅವನು ತೀರಿಕೊಂಡನು. ಈ ಒಬ್ಬ ಮನುಷ್ಯನನ್ನು ಬಲ್ಲವನಿಗೆ ಆ ಬುರುಜುಗಳ ನೆರಳು ಬೇರೆಯಾಗಿಯೇ ಕಾಣುವುದು. ಬಲ್ಲವನ ಸಂತೋಷವೂ ಇದರಿಂದ ಕಡಮೆಯಾಗದು. ಅದಕ್ಕೆ ಆಳ ಬರುವುದು.

ಸತ್ಯದ ಪ್ರಶ್ನೆ ಇನ್ನೊಂದು ಬಗೆಯಲ್ಲಿಯೂ ಬರುತ್ತದೆ. ನಾವು ನೋಡುವ ಕೋಟೆ ಎಷ್ಟರಮಟ್ಟಿಗೆ ಹಳೆಯದು? 1659ರ ಪಿರನೀಸ್ ಒಪ್ಪಂದದಿಂದ ಫ್ರಾನ್ಸಿನ ಗಡಿ ದಕ್ಷಿಣಕ್ಕೆ ಸರಿಯಿತು. ಗಡಿಯ ಕೋಟೆಗೆ ಕೆಲಸವಿಲ್ಲದಾಯಿತು. ಕಲ್ಲುಗಳು ಬಿದ್ದವು. ಎರಡು ಪ್ರಾಕಾರಗಳ ನಡುವಣ ಬಯಲಿನಲ್ಲಿ ಬಡ ನೆಯ್ಗೆಯವರು ಮನೆಗಳನ್ನು ಕಟ್ಟಿಕೊಂಡರು. 1850ರ ಸುಮಾರಿಗೆ ಸರಕಾರವು ಕೋಟೆಯನ್ನೇ ಕೈಬಿಡಲು ಹೊರಟಾಗ, ಊರಿನ ಇತಿಹಾಸಪ್ರಿಯನಾದ ಕ್ರೊ-ಮೆರೆವಿಯೆ ಮೊದಲಾದವರು ವಿರೋಧಿಸಿ ಅದನ್ನು ಉಳಿಸಿದರು. 1853ರಿಂದ ವಿಯೊಲೆ-ಲ-ದ್ಯುಕ್ ಎಂಬ ಶಿಲ್ಪಿಯು ಜೀರ್ಣೋದ್ಧಾರವನ್ನು ಕೈಗೊಂಡು 1879ರಲ್ಲಿ ಸಾಯುವವರೆಗೆ ನಡಸಿದನು. ಬುರುಜುಗಳ ಮೇಲೆ ಅವನು ಇರಿಸಿದ ಚೂಪಾದ ಸ್ಲೇಟು ಕಲ್ಲಿನ ಛಾವಣಿಗಳು ಉತ್ತರದೇಶದ ರೀತಿಯವು, ದಕ್ಷಿಣದ ಹೆಂಚಿನ ಪದ್ಧತಿಗೆ ಹೊಂದವು ಎಂದು ಆಕ್ಷೇಪಣೆಯಿದೆ. 1882ರಲ್ಲಿ ಅಲ್ಲಿಗೆ ಹೋಗಿದ್ದ ಅಮೆರಿಕದ ಕಾದಂಬರಿಕಾರ ಹೆನ್ರಿ ಜೇಮ್ಸನು ಮತ್ತೆ ಕಟ್ಟಿದ ವೈಭವಕ್ಕಿಂತ ಪಾಳೇ ತನಗೆ ಮೆಚ್ಚೆಂದು ಬರೆದನು. ಜೀರ್ಣೋದ್ಧಾರವನ್ನು ಪುಣ್ಯವೆಂದು ಎಣಿಸುವ ನಮ್ಮ ಪರಂಪರೆಯವರಿಗೆ ಜೇಮ್ಸನ ಮಾತು ಪೂರ್ತಿಯಾಗಿ ಒಪ್ಪಿಗೆಯಾಗದು. ಅಂದು ಆ ಶಿಲ್ಪಿ ಕೈಯಿಡದಿದ್ದರೆ ಇಂದು ನೋಡಲು ಕಲ್ಲುಗುಡ್ಡೆಯೇ ಉಳಿದಿರುತ್ತಿತ್ತೇನೋ! ಆದರೂ ಕೋಟೆಯನ್ನು ಅಂದಗೊಳಿಸುವಾಗ ಆ ಬಡವರ ಮನೆಗಳನ್ನು ಕೆಡವಿದರೆಂಬುದನ್ನು ನೆನೆಯಬೇಕು. ಇಂದು ನಾವು ಗಾಳಿಯಾಡುವ ಹಸುರಿನ ಬಯಲೆಂದು ಮೆಚ್ಚುವ ಸ್ಥಳದಲ್ಲಿ ಒಮ್ಮೆ ಮಗ್ಗಗಳಿದ್ದುವು.

ಇನ್ನು ಬದುಕಿರುವವರು. ಕೋಟೆಯೊಳಗೆ ನಿತ್ಯವಾಸಿಗಳು ಈಗ ಬಹಳ ಕೆಲವರು. ನಿಜವಾದ ಊರು ಕೆಳಗೆ, ನದಿಯ ಎಡದಂಡೆಯಲ್ಲಿದೆ. ಅದರ ಹುಟ್ಟೂ ಒಂದು ಉಚ್ಚಾಟನೆಯಿಂದಲೇ ಆಯಿತು. 1240ರಲ್ಲಿ ತ್ರಾಂಕಾವೆಲನ ಮಗನು ಊರನ್ನು ಮರಳಿ ಪಡೆಯಲು ಹೋರಾಡಿ ಸೋತನು. ಅವನಿಗೆ ನೆರವಾದ ಹೊರಕೇರಿಗಳ ಜನರನ್ನು ಓಡಿಸಿ, ಕೇರಿಗಳನ್ನು ನೆಲಸಮ ಮಾಡಿದರು. ಕೆಲವು ವರ್ಷಗಳ ಮೇಲೆ ಒಂಬತ್ತನೆಯ ಲೂಯಿ ರಾಜನು ನದಿಯ ಆಚೆ ನೆಲಸಲು ಅನುಮತಿ ಕೊಟ್ಟನು. ಅವರು ಚದುರಂಗದ ಮಣೆಯಂತೆ ನೇರವಾದ ಬೀದಿಗಳ ಊರನ್ನು ಕಟ್ಟಿದರು. 1355ರಲ್ಲಿ ಇಂಗ್ಲೆಂಡಿನ ರಾಜಕುಮಾರನು, ‘ಕಪ್ಪು ರಾಜಕುಮಾರ’ನೆಂದು ಹೆಸರಾದವನು, ಅದನ್ನು ಸುಟ್ಟನು. ಮರಳಿ ಕಟ್ಟಿದರು. ಇಂದು ರೈಲುನಿಲ್ದಾಣವೂ ಸಂತೆಯೂ ಶಾಲೆಗಳೂ ಇರುವುದು ಅಲ್ಲಿಯೇ. ಅವಸರದ ಅತಿಥಿಯು ಆ ಬೀದಿಗಳನ್ನು ಕೋಟೆಗೆ ಹೋಗುವ ದಾರಿಯೆಂದು ಮಾತ್ರ ಬಲ್ಲನು.

ಎರಡೇ ದಿನಗಳಿರುವವನು ಹತ್ತರಲ್ಲಿ ಎಂಟನ್ನು ಬಿಡಲೇಬೇಕು. ಏನನ್ನು ಬಿಡುವನು ಎಂಬುದರಲ್ಲಿ ಅವನ ಮನಸ್ಸು ತಿಳಿಯುವುದು. ಪ್ರವಾಸದ ಯೋಜನೆಯು ನೀತಿಯ ವಿಷಯವಾಗುವುದು ಈ ಕಾರಣದಿಂದ. ನಮ್ಮ ಮಕ್ಕಳಿಗೆ ನಾನು ಹೇಳಬಹುದಾದ ಕ್ರಮ ಇಷ್ಟು. ಹೊರಡುವ ಮೊದಲು ಒಂದು ಸಂಜೆ ಆ ಊರಿನ ಚರಿತ್ರೆಯನ್ನು ಓದಿರಿ. ಮೊದಲ ದಿನವನ್ನು ಕೆಳಗಿನ ಊರಿಗೆ ಕೊಡಿರಿ. ಮಂಗಳವಾರ, ಗುರುವಾರ, ಶನಿವಾರಗಳ ಬೆಳಗ್ಗೆ ಕಾರ್ನೊ ಚೌಕದಲ್ಲಿ ಸಂತೆ ಕೂಡುವುದು. ಬೇಕಾದುದನ್ನು ಅಲ್ಲಿಯ ರೈತರಿಂದ ಕೊಳ್ಳಿರಿ. ನಿಲ್ದಾಣದ ಬಳಿಯ ಮಿದಿ ಕಾಲುವೆಯ ದಂಡೆಯಲ್ಲಿ ನಡೆಯಿರಿ. ಸಂಜೆ ಹದಿನಾಲ್ಕನೆಯ ಶತಮಾನದ ಹಳೆಯ ಸೇತುವೆಯನ್ನು ಕಾಲ್ನಡೆಯಲ್ಲಿ ದಾಟಿ ಗುಡ್ಡವನ್ನು ಏರಿರಿ. ಹಗಲಿನ ಜನಸಂದಣಿಯು ಆಗ ಇಳಿದಿರುವುದು. ಬೀದಿಗಳಲ್ಲಿ ನಡೆಯಲು ಶುಲ್ಕವಿಲ್ಲ. ಎರಡನೆಯ ದಿನ ಬೆಳಗ್ಗೆ ಚೀಟಿ ಪಡೆದು ಅರಮನೆಯನ್ನೂ ಗೋಡೆಯ ಮೇಲಣ ದಾರಿಯನ್ನೂ ನೋಡಿರಿ. ಒಳಗೋಡೆಯಲ್ಲಿ ಸಣ್ಣ ಕಲ್ಲುಗಳ ನಡುವೆ ಇಟ್ಟಿಗೆಯ ಸಾಲುಗಳು ಕಂಡಲ್ಲಿ ಅದು ರೋಮನರ ಕಾಲದ ಕೈಕೆಲಸವೆಂದು ಗುರುತಿಸಿರಿ. ಪಟ್ಟಿಯಲ್ಲಿ ಬೇರೇನಾದರೂ ಉಳಿದರೆ ಉಳಿಯಲಿ.

ಹತ್ತೊಂಬತ್ತನೆಯ ಶತಮಾನದ ಗುಸ್ತಾವ್ ನಾದೊ ಎಂಬ ಫ್ರೆಂಚ್ ಕವಿಯು ಈ ಊರಿನ ಹೆಸರಿನಲ್ಲಿಯೇ ಒಂದು ಹಾಡನ್ನು ಬರೆದಿದ್ದಾನೆ. ಸಮೀಪದ ಲಿಮೂ ಎಂಬಲ್ಲಿಯ ಮುದುಕ ರೈತನೊಬ್ಬನು ಬಾಳೆಲ್ಲ ದುಡಿದು, ಕಾರ್ಕಾಸೋನನ್ನು ನೋಡಬೇಕೆಂಬ ಒಂದೇ ಆಸೆಯನ್ನು ಇಟ್ಟುಕೊಂಡಿರುತ್ತಾನೆ. ಕೊನೆಗೆ ಯಾರೋ ಕರೆದುಕೊಂಡು ಹೊರಡುತ್ತಾರೆ. ಅವನು ದಾರಿಯಲ್ಲೇ ಸಾಯುತ್ತಾನೆ. ಆ ರೈತನಿಗೆ ಕೆಲವೇ ಹರಿದಾರಿಗಳ ದೂರವೂ ದಾಟಲಾಗಲಿಲ್ಲ. ನಮ್ಮ ಮಕ್ಕಳು ಸಮುದ್ರಗಳನ್ನು ದಾಟಿ ಹೋಗಿ, ಒಂದು ಗಂಟೆಯಲ್ಲಿ ಆ ಬಾಗಿಲಿನ ಮುಂದೆ ಇಳಿಯುತ್ತಾರೆ. ಇಷ್ಟು ಸುಲಭವಾಗಿ ದೊರೆತುದಕ್ಕೆ ಅಷ್ಟಾದರೂ ಆದರವನ್ನು ಸಲ್ಲಿಸುವುದು ನ್ಯಾಯವಲ್ಲವೆ?

ಅವರು ಹಿಂದಿರುಗಿ ಮನೆಗೆ ದೂರವಾಣಿಯಲ್ಲಿ ಮಾತನಾಡುವಾಗ, ಎಷ್ಟು ಬುರುಜುಗಳನ್ನು ಕಂಡಿರಿ ಎಂದು ಕೇಳುವುದನ್ನು ಹಿರಿಯರಾದ ನಾವು ಬಿಡಬಹುದು. ಆ ಊರಿನವರಲ್ಲಿ ಯಾರನ್ನು ತಿಳಿದುಕೊಂಡಿರಿ ಎಂದು ಕೇಳೋಣ. ಬದುಕಿರುವವರ ಹೆಸರನ್ನಾಗಲಿ, ಸತ್ತವರ ಹೆಸರನ್ನಾಗಲಿ ಒಂದನ್ನು ಹೇಳಿದರೆ ಸಾಕು.