ಸೆರೆಗೂ ಒಂದು ನ್ಯಾಯವಿದೆ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವವರಲ್ಲಿ ಒಂದು ಹಠ ಕಾಣುತ್ತದೆ. ತಮ್ಮ ಪಾತ್ರ ಸತ್ತರೆ ಸಹಿಸಿಕೊಳ್ಳುತ್ತಾರೆ, ಸೆರೆ ಸಿಕ್ಕರೆ ಸಹಿಸುವುದಿಲ್ಲ. ಸುತ್ತಲೂ ಬಿಲ್ಲುಗಾರರು ಬಾಣ ಹೂಡಿ ನಿಂತಿದ್ದರೂ ಆಯುಧ ಕೆಳಗಿಡುವ ಬದಲು ಮುನ್ನುಗ್ಗಿ ಸಾಯುತ್ತಾರೆ. ಸತ್ತರೆ ಆ ಪಾತ್ರದ ಕಥೆ ಅಲ್ಲಿಗೆ ಮುಗಿಯಿತು. ಸೆರೆಯಾದರೆ ಕಥೆ ಮುಂದುವರಿಯುತ್ತದೆ. ಲೆಕ್ಕ ಹಾಕಿದರೆ ಸೆರೆಯೇ ಲಾಭ. ಆದರೂ ಅದಕ್ಕೆ ಇಷ್ಟೊಂದು ಅಂಜಿಕೆ ಯಾಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಆಟದ ಮೇಜನ್ನು ದಾಟಿ, ಸ್ವಾತಂತ್ರ್ಯ ಎಂದರೇನು, ಸೋಲು ಯಾರ ಸೊತ್ತು ಎಂಬಲ್ಲಿಗೆ ಬಂದು ನಿಲ್ಲುತ್ತೇವೆ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಇದು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಒಬ್ಬ ಯೋಧ, ಒಬ್ಬಳು ಮಾಂತ್ರಿಕೆ, ಒಬ್ಬ ಕಳ್ಳ. ಎದುರಿಗೆ ಏನಿದೆ ಎಂದು ಡಂಜನ್ ಮಾಸ್ಟರ್ ವರ್ಣಿಸುತ್ತಾರೆ, ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಆಟಗಾರರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಬೆಟ್ಟ, ಮಳೆ, ಗೋಡೆ, ಶತ್ರು, ಆ ಲೋಕದ ಕಾನೂನು, ಎಲ್ಲವೂ ಡಂಜನ್ ಮಾಸ್ಟರ್ ಕೈಯಲ್ಲಿ. ಆಟಗಾರನ ಕೈಯಲ್ಲಿರುವುದು ಒಂದೇ ಒಂದು: ‘ನನ್ನ ಪಾತ್ರ ಹೀಗೆ ಮಾಡುತ್ತದೆ’ ಎನ್ನುವ ಹಕ್ಕು. ಸೆರೆ ಕೈಹಾಕುವುದು ಆ ಒಂದಕ್ಕೇ. ಸಾವು ಪಾತ್ರವನ್ನು ಕೊನೆಗಾಣಿಸುತ್ತದೆ. ಕೆಟ್ಟ ಸೆರೆ ಪಾತ್ರವನ್ನು ಉಳಿಸಿ ಆಟಗಾರನನ್ನು ಹೊರಗಿಡುತ್ತದೆ.

ಕಾದಂಬರಿಯಲ್ಲಿ ಈ ತೊಡಕಿಲ್ಲ. ಟೋಲ್ಕಿನ್ನರ ‘ದಿ ಹಾಬಿಟ್’ (1937) ಕೃತಿಯಲ್ಲಿ ಕುಬ್ಜರನ್ನು ಗಾಬ್ಲಿನ್‌ಗಳು ಹಿಡಿಯುತ್ತವೆ, ಜೇಡಗಳು ಸುತ್ತಿಡುತ್ತವೆ, ಕಾಡಿನ ಎಲ್ಫ್‌ಗಳು ಕತ್ತಲಕೋಣೆಗೆ ತಳ್ಳುತ್ತಾರೆ. ಓದುಗನಿಗೆ ಅವೇ ರುಚಿಯಾದ ಅಧ್ಯಾಯಗಳು. ಅಲ್ಲಿ ಹಿಡಿಸುವವನೂ ಲೇಖಕ, ಹಿಡಿಸಿಕೊಳ್ಳುವ ಪಾತ್ರದ ಮನಸ್ಸೂ ಲೇಖಕನದೇ. ಆಟದಲ್ಲಿ ಹಿಡಿಯುವವನೊಬ್ಬ, ಸಿಕ್ಕಿಬೀಳುವವನು ಇನ್ನೊಬ್ಬ. ‘ಕಥೆಗೆ ಬೇಕಿತ್ತು’ ಎಂಬ ಸಮಜಾಯಿಷಿ ಲೇಖಕನಿಗೆ ಸಾಕು. ಎದುರಿಗೆ ಕುಳಿತ ಜೀವಂತ ಮನುಷ್ಯನಿಗೆ ಅದು ಸಾಲದು.

ಈ ಆಟದ ಇತಿಹಾಸದಲ್ಲೇ ಇಂಥ ಹೇರಿದ ಸೆರೆಗೊಂದು ಹೆಸರಾಂತ ಉದಾಹರಣೆಯಿದೆ. 1980ರ ಜೆನ್‌ಕಾನ್ ಆಟಮೇಳದ ಸ್ಪರ್ಧೆಗಾಗಿ ಗುಲಾಮರ ವ್ಯಾಪಾರಿಗಳ ವಿರುದ್ಧದ ಸಾಹಸಸರಣಿಯೊಂದು ಸಿದ್ಧವಾಯಿತು. 1980–81ರಲ್ಲಿ ಅದು ನಾಲ್ಕು ಪುಸ್ತಿಕೆಗಳಾಗಿ ಅಚ್ಚಾಯಿತು. ನಾಲ್ಕನೆಯದರಲ್ಲಿ ಪಾತ್ರಗಳು ಆಯುಧವಿಲ್ಲದೆ, ಕವಚವಿಲ್ಲದೆ ನೆಲದಡಿಯ ಕತ್ತಲಲ್ಲಿ ಎಚ್ಚರಗೊಳ್ಳುತ್ತವೆ. ಬರಿಗೈಯಲ್ಲಿ ಬುದ್ಧಿಯೊಂದನ್ನೇ ನೆಚ್ಚಿ ಪಾರಾಗಬೇಕು. ಕಲ್ಪನೆ ಸೊಗಸಾದದ್ದೇ. ಆದರೆ ಅದು ನಡೆಯಬೇಕಾದರೆ ಮೂರನೆಯ ಪುಸ್ತಿಕೆಯ ಕೊನೆಯಲ್ಲಿ ಎಲ್ಲರೂ ಸೆರೆಯಾಗಲೇಬೇಕು. ಸ್ಪರ್ಧೆಯಲ್ಲಿ ಇದರಿಂದ ಯಾರಿಗೂ ಅನ್ಯಾಯವಿಲ್ಲ. ಅಲ್ಲಿ ಸಿದ್ಧಪಾತ್ರಗಳನ್ನು ಕೈಗೆ ಕೊಡುತ್ತಾರೆ, ಎಲ್ಲ ತಂಡಗಳೂ ಅದೇ ಕತ್ತಲಿಂದ ಹೊರಡುತ್ತವೆ. ಅದೇ ಪುಟವನ್ನು ಮನೆಗೆ ತಂದು, ತಿಂಗಳುಗಟ್ಟಲೆ ಬೆಳೆಸಿದ ಪಾತ್ರದ ಮೇಲೆ ಹೇರಿದರೆ ಮಾತೇ ಬೇರೆ. ಆಟಗಾರ ಎಷ್ಟೇ ಜಾಣತನ ತೋರಲಿ, ದಾಳ ಎಷ್ಟೇ ಒಲಿಯಲಿ, ಫಲ ಮೊದಲೇ ನಿಶ್ಚಯವಾಗಿದೆ. ಆಟಗಾರರು ಇದನ್ನು ರೈಲ್‌ರೋಡಿಂಗ್ ಎನ್ನುತ್ತಾರೆ.

2015ರ ‘ಔಟ್ ಆಫ್ ದಿ ಅಬಿಸ್’ ಸಾಹಸ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಮೊದಲ ವಾಕ್ಯ ಬೀಳುವ ಹೊತ್ತಿಗೇ ಪಾತ್ರಗಳು ಪಾತಾಳದಲ್ಲಿ, ಡ್ರೌ ಎಂಬ ಎಲ್ಫ್‌ಗಳ ಸೆರೆಯಲ್ಲಿವೆ. ಅವರನ್ನು ಯಾರೂ ಆಟದಲ್ಲಿ ಸೋಲಿಸಿಲ್ಲ. ‘ನಾವು ಆಡಲಿರುವುದು ಕೈದಿಗಳ ಕಥೆ, ಆಗಬಹುದೇ?’ ಎಂದು ಕೇಳಿ, ಎಲ್ಲರೂ ಹೂಂ ಎಂದ ಮೇಲೆ ಶುರುವಾದರೆ ಅದರಲ್ಲಿ ಅನ್ಯಾಯದ ಸೋಂಕಿಲ್ಲ. ಸೆರೆ ಎರಡರಲ್ಲೂ ಇದೆ. ವ್ಯತ್ಯಾಸ ಇಷ್ಟೇ: ಒಂದರಲ್ಲಿ ಆಟಗಾರನನ್ನು ಕೇಳಿದರು, ಇನ್ನೊಂದರಲ್ಲಿ ಕೇಳುವಂತೆ ನಟಿಸಿದರು.

ಹಾಗಾದರೆ ಆಟದ ನಡುವೆ ನ್ಯಾಯವಾಗಿ ಸೆರೆ ಹಿಡಿಯುವುದು ಹೇಗೆ? ಒಂದು ಸಂಜೆಯ ಆಟವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ತಂಡ ಪಾಳುಬಿದ್ದ ಹಳ್ಳಿಯೊಂದಕ್ಕೆ ಬರುತ್ತದೆ. ಮನೆಗಳು ಸುಟ್ಟಿವೆ, ಆದರೆ ಒಂದು ಹೆಣವೂ ಇಲ್ಲ. ಕೆಸರಿನಲ್ಲಿ ಭಾರದ ಗಾಡಿಗಳ ಗಾಲಿಗುರುತು, ಬೇಲಿಯ ಬುಡದಲ್ಲಿ ಗಂಟು ಹಾಕಿದ ಹಗ್ಗದ ತುಂಡುಗಳು. ಬಂದವರಿಗೆ ಬೇಕಾಗಿದ್ದುದು ಜೀವಂತ ಜನ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ. ಬಣವೆಯಲ್ಲಿ ಅಡಗಿದ್ದ ಮುದುಕಿಯೊಬ್ಬಳು, ಕೈಯೆತ್ತಿದವರನ್ನು ಕೊಲ್ಲಲಿಲ್ಲ, ಕಲ್ಲುಗಣಿಯ ಕಡೆಗೆ ಎಳೆದೊಯ್ದರು ಎನ್ನುತ್ತಾಳೆ. ಮುಂದೆ ಕಣಿವೆಯಲ್ಲಿ ಶಿಳ್ಳೆ ಕೇಳಿಸುತ್ತದೆ. ಡಂಜನ್ ಮಾಸ್ಟರ್ ಎಣಿಸಿಯೇ ಹೇಳುತ್ತಾರೆ: ಎಡದ ಬಂಡೆಗಳ ಮೇಲೆ ಆರು ಬಿಲ್ಲುಗಾರರು, ಬಲಕ್ಕೆ ಆರು, ಎದುರಿಗೆ ಹಾಬ್‌ಗಾಬ್ಲಿನ್ ದಳಪತಿ. ‘ಆಯುಧ ಕೆಳಗಿಡಿ. ಪ್ರಾಣಕ್ಕೆ ನಾನು ಹೊಣೆ.’

ಈಗ ಡಂಜನ್ ಮಾಸ್ಟರ್ ಸುಮ್ಮನಿರಬೇಕು. ‘ನಾನಂತೂ ಕತ್ತಿ ಇಡಲ್ಲ’ ಎನ್ನುತ್ತಾನೆ ಒಬ್ಬ. ‘ಹೊಗೆ ಎಬ್ಬಿಸಿದರೆ ಹಿಂದಕ್ಕೆ ಓಡಬಹುದಾ?’ ಎಂದು ಇನ್ನೊಬ್ಬಳು ಕೇಳುತ್ತಾಳೆ. ‘ನೀವು ಶರಣಾಗಿ, ನಾನು ಪೊದೆಗೆ ನುಸುಳ್ತೀನಿ’ ಎನ್ನುತ್ತಾನೆ ಕಳ್ಳ. ಪ್ರತಿ ಮಾತಿಗೂ ಪ್ರಾಮಾಣಿಕ ಉತ್ತರ ಸಿಗಬೇಕು. ಹೊಗೆ ನಿಜವಾಗಿಯೂ ಮರೆ ಮಾಡುವಂತಿದ್ದರೆ ಮರೆ ಮಾಡಲಿ. ಪಾರಾಗುವ ದಾರಿಯೊಂದನ್ನು ಅವರು ಕಂಡುಹಿಡಿದರೆ, ಹದಿಮೂರನೆಯ ಬಿಲ್ಲುಗಾರ ಅಲ್ಲಿ ಹುಟ್ಟಿಕೊಳ್ಳಬಾರದು. ಎಷ್ಟೋ ಆಟಗಳು ಕೆಡುವುದು ಈ ಹದಿಮೂರನೆಯವನಿಂದ.

ಶರಣಾಗದಿರಲು ಆಟದ ನಿಯಮವೂ ಒಂದು ಕಾರಣ. ಪಾತ್ರದಲ್ಲಿ ಉಳಿದ ಜೀವಬಲವನ್ನು ಹೇಳುವ ಹಿಟ್ ಪಾಯಿಂಟ್ ಅರವತ್ತಿರಲಿ, ಒಂದೇ ಇರಲಿ, ಯೋಧನ ಕತ್ತಿ ಅಷ್ಟೇ ಬಲವಾಗಿ ಬೀಸುತ್ತದೆ. ಮೈ ಸೋತಿದೆ, ಇನ್ನು ಸಾಕು ಎಂದು ಹೇಳುವ ನೋವು ಹಾಳೆಯ ಮೇಲಿನ ಅಂಕಿಗೆ ಇಲ್ಲ. ಆ ನೋವನ್ನು ಡಂಜನ್ ಮಾಸ್ಟರ್ ಮಾತಿನಲ್ಲಿ ಕೊಡಬೇಕು. 2014ರ ನಿಯಮಪುಸ್ತಕದಲ್ಲಿ ಒಂದು ಕರುಣೆಯ ಅವಕಾಶವೂ ಇದೆ. ಕೈಗೆ ಕೈ ಹತ್ತುವಷ್ಟು ಹತ್ತಿರದ ಹೊಡೆತದಿಂದ ಎದುರಾಳಿ ಶೂನ್ಯಕ್ಕಿಳಿದರೆ, ಹೊಡೆದವನು ಕೊಲ್ಲದೆ ಮೂರ್ಛೆಗೆ ಕೆಡವಬಹುದು. ಬಾಣಕ್ಕೆ ಆ ದಯೆಯಿಲ್ಲ. ಜೀವಂತ ಹಿಡಿಯಬೇಕೆನ್ನುವ ಶತ್ರು ಬಿಲ್ಲು ಬಿಟ್ಟು ಕೆಳಗಿಳಿದು ಬರಬೇಕು, ತಾನೂ ಏಟು ತಿನ್ನಬೇಕು. ಹಿಡಿಯುವವನೂ ಬೆಲೆ ತೆರುವಂತೆ ನಿಯಮ ನೋಡಿಕೊಂಡಿದೆ.

ಅಂಥ ಹೊತ್ತಿನಲ್ಲಿ ದಾಳ ಎಲ್ಲರ ಕಣ್ಣೆದುರು ಉರುಳಬೇಕು. ಪರದೆಯ ಹಿಂದೆ ಬಿದ್ದ ದಾಳದ ಮೇಲೆ ಶಕುನಿಯ ನೆರಳು ಬೀಳುವುದು ತಪ್ಪದು. ಅದೇ 2014ರ ಪುಸ್ತಕದಲ್ಲಿ ಸಂಕೋಲೆಗೂ ದಾಳದಿಂದ ಮುಟ್ಟಬೇಕಾದ ಅಂಕಿಯಿದೆ: ಮುರಿಯಲು, ನುಣುಚಿಕೊಳ್ಳಲು 20, ಸಲಕರಣೆಯಿಂದ ಬೀಗ ತೆಗೆಯಲು 15. ದಾಳಕ್ಕೆ ಕೂಡಿಸಲು ಯಾವ ಅಂಕವೂ ಇಲ್ಲದ ಬರಿಗೈಯವನಿಗೆ ಇಪ್ಪತ್ತರಲ್ಲಿ ಒಂದೇ ಅವಕಾಶ. ಆದರೆ ಬಟ್ಟೆಯ ಹೊಲಿಗೆಯಲ್ಲಿ ಸಣ್ಣ ಸಲಾಕೆ ಬಚ್ಚಿಟ್ಟುಕೊಂಡ, ಐದು ಅಂಕದ ನೈಪುಣ್ಯವಿರುವ ಕಳ್ಳನಿಗೆ ಇಪ್ಪತ್ತರಲ್ಲಿ ಹನ್ನೊಂದು. ಅಂಕಿ ಗೊತ್ತಿರುವ ಸಂಕೋಲೆ ಆಡಲು ಬರುವ ಸಂಕೋಲೆ. ‘ಏನು ಮಾಡಿದರೂ ಬಿಚ್ಚಿಕೊಳ್ಳದು’ ಎಂದುಬಿಟ್ಟರೆ ಅಲ್ಲಿಗೆ ಆಟ ನಿಂತಿತು, ಅಪ್ಪಣೆ ಉಳಿಯಿತು.

ಬೇರೆ ಆಟಗಳು ಈ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗಿವೆ. 2013ರ ‘ಫೇಟ್ ಕೋರ್’ ನಿಯಮದಲ್ಲಿ, ಎದುರಾಳಿಯ ದಾಳ ಉರುಳುವ ಮೊದಲೇ ಆಟಗಾರ ಸೋಲೊಪ್ಪಬಹುದು. ಒಪ್ಪಿದವನಿಗೆ ಒಂದು ಫೇಟ್ ಪಾಯಿಂಟ್ ಸಿಗುತ್ತದೆ, ಮುಂದೆ ಬಳಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ: ಹೇಗೆ ಸೋತೆ ಎಂದು ನಿರ್ಧರಿಸುವಲ್ಲಿ ಅವನಿಗೂ ಮಾತಿದೆ. ಒಪ್ಪದೆ ಕೊನೆಯವರೆಗೂ ಕಾದಾಡಿ ಬಿದ್ದರೆ ಆ ಮಾತು ಗೆದ್ದವನ ಪಾಲು. ವಿನ್ಸೆಂಟ್ ಬೇಕರ್ ಅವರ ‘ಅಪೋಕ್ಯಾಲಿಪ್ಸ್ ವರ್ಲ್ಡ್’ (2010) ಆಟ ನಡೆಸುವವನ ಅಸ್ತ್ರಗಳ ಪಟ್ಟಿಯಲ್ಲೇ ‘ಯಾರನ್ನಾದರೂ ಸೆರೆ ಹಿಡಿ’ ಎಂಬುದನ್ನು ಸೇರಿಸಿದೆ. ಜೊತೆಗೇ, ಆಟಗಾರರ ಪಾತ್ರಗಳ ಅಭಿಮಾನಿಯಾಗಿರು ಎಂದೂ ಕಟ್ಟಳೆ ಹಾಕಿದೆ. ಎರಡೂ ಒಟ್ಟಿಗೆ ಸಾಧ್ಯವೇ? ಸಾಧ್ಯ. ಇವಳು ಇದರಿಂದ ಹೇಗೆ ಹೊರಬಂದಾಳು ಎಂಬ ಕುತೂಹಲದಿಂದ ಹಿಡಿದರೆ ಅದು ಅಭಿಮಾನ. ಇವಳಿಗೆ ಬುದ್ಧಿ ಕಲಿಸಬೇಕೆಂದು ಹಿಡಿದರೆ ಅದು ಸೇಡು.

ಇಂಥ ಆಟಗಳು ಕಲ್ಪಿಸಿಕೊಳ್ಳುವ ಮಧ್ಯಯುಗದಲ್ಲಿ ಸೆರೆಗೆ ಒಂದು ಮರ್ಯಾದೆಯೂ ಇತ್ತು. ಫ್ರಾನ್ಸಿನ ದೊರೆ ಎರಡನೇ ಜಾನ್ 1356ರಲ್ಲಿ ಪ್ವಾಟಿಯೇ ಕಾಳಗದಲ್ಲಿ ಇಂಗ್ಲಿಷರಿಗೆ ಸೆರೆಸಿಕ್ಕ. 1360ರ ಒಪ್ಪಂದದಲ್ಲಿ ಬಿಡುಗಡೆಗೆ ಮೂವತ್ತು ಲಕ್ಷ ಚಿನ್ನದ ನಾಣ್ಯ ಗೊತ್ತಾಯಿತು. ಒತ್ತೆಯಾಳುಗಳನ್ನು ಇರಿಸಿ ಅವನು ತನ್ನ ದೇಶಕ್ಕೆ ಮರಳಿದ. ಒತ್ತೆಯಿದ್ದ ಮಗ ಲೂಯಿ ತಪ್ಪಿಸಿಕೊಂಡು ಹೋದಾಗ, ದೊರೆ 1364ರಲ್ಲಿ ತಾನಾಗಿಯೇ ಲಂಡನ್ನಿನ ಸೆರೆಗೆ ಮರಳಿದ, ಅದೇ ವರ್ಷ ಅಲ್ಲಿಯೇ ತೀರಿಕೊಂಡ. ಪುಣ್ಯಕೋಟಿಯನ್ನು ಬಲ್ಲ ನಮಗೆ ಈ ನಡೆ ಹೊಸದೆನಿಸದು. ಕೈದಿಯಾದ ಮೇಲೂ ಕೊಟ್ಟ ಮಾತನ್ನು ಉಳಿಸಿಕೊಳ್ಳುವ, ಮುರಿಯುವ ಆಯ್ಕೆ ಅವನಲ್ಲಿತ್ತು. ಆಟದಲ್ಲೂ ಕೊಟ್ಟ ಮಾತಿಗೆ ಅದೇ ಬೆಲೆ. ಶರಣಾದವನನ್ನು ಒಮ್ಮೆ ಕೊಂದುಹಾಕಿದ ಡಂಜನ್ ಮಾಸ್ಟರ್ ಆ ಮೇಜಿನಲ್ಲಿ ಮತ್ತೆಂದೂ ಶರಣಾಗತಿಯನ್ನು ನಿರೀಕ್ಷಿಸುವಂತಿಲ್ಲ. ದಳಪತಿ ಪ್ರಾಣಕ್ಕೆ ಹೊಣೆ ಎಂದಿದ್ದಾನೆ, ಆ ಮಾತು ನಡೆಯಬೇಕು. ಆಟಗಾರರೂ ಕೈಯೆತ್ತಿದ ಗಾಬ್ಲಿನ್‌ಗೆ ಅದೇ ಮಾತು ಉಳಿಸಿಕೊಳ್ಳಬೇಕು.

ಸೆರೆಕೋಣೆಯ ಬಾಗಿಲು ಮುಚ್ಚಿದ ಮೇಲೆ ನಿಜವಾದ ಪರೀಕ್ಷೆ. ಕತ್ತಿಯಿಲ್ಲದ ಯೋಧ ಕಂಗಾಲು. ಬರಿಗೈಯಲ್ಲೇ ಕಾದುವ ಸನ್ಯಾಸಿಗೆ ಕಳೆದುಕೊಂಡದ್ದೇನೂ ಇಲ್ಲ. ಮಾಂತ್ರಿಕೆಯ ಗ್ರಂಥ ಹೋಯಿತು, ಆದರೆ ಬೆಳಗ್ಗೆ ಸಿದ್ಧಮಾಡಿಕೊಂಡ ಮಂತ್ರಗಳು ನೆನಪಿನಲ್ಲಿವೆ. ಬಾಯಿಗೆ ಬಟ್ಟೆ ಕಟ್ಟುವ ಮೊದಲು ಯಾವುದನ್ನು ಬಳಸಲಿ? ಕಾವಲುಗಾರರಲ್ಲಿ ಒಬ್ಬನಿಗೆ ದಳಪತಿಯ ಮೇಲೆ ಮುನಿಸಿದೆ. ಪಕ್ಕದ ಕೋಣೆಯಲ್ಲಿ ಹಳ್ಳಿಯವರಿದ್ದಾರೆ. ಕಿತ್ತುಕೊಂಡ ಆಯುಧಗಳು ಗಾಳಿಯಲ್ಲಿ ಕರಗಿಲ್ಲ, ಇಂಥವನ ಪೆಟ್ಟಿಗೆಯಲ್ಲಿವೆ ಎಂಬುದು ತಿಳಿಯುತ್ತದೆ. ತಪ್ಪಿಸಿಕೊಂಡ ಕಳ್ಳ ಹೊರಗಿದ್ದಾನೆ. ಅವನೊಬ್ಬನೇ ಆಡುತ್ತ ಉಳಿದವರು ಗಂಟೆಗಟ್ಟಲೆ ನೋಡುತ್ತ ಕೂರದಂತೆ ಒಳಗಿನದನ್ನೂ ಹೊರಗಿನದನ್ನೂ ಸರದಿಯಲ್ಲಿ ನಡೆಸಬೇಕು. ಇಷ್ಟಿದ್ದರೆ ಆ ಕೋಣೆ ಸಾಹಸದ ಹೊಸ ನೆಲ.

ಸೆರೆಯ ಜೊತೆ ಹಿಂಸೆ, ಅವಮಾನ, ಗುಲಾಮಗಿರಿಯ ನೆರಳೂ ಬರುತ್ತದೆ. ಮೇಜಿನ ಸುತ್ತ ಕುಳಿತವರು ಬದುಕಿನಲ್ಲಿ ಏನೇನು ಕಂಡಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಯಾವುದು ಆಟದೊಳಗೆ ಬರಲೇಬಾರದು, ಯಾವುದು ಬಂದರೂ ವಿವರಿಸದೆ ಪರದೆ ಎಳೆಯಬೇಕು ಎಂದು ಮೊದಲೇ ಮಾತಾಡಿಕೊಳ್ಳುವ ಪದ್ಧತಿಯನ್ನು ರಾನ್ ಎಡ್ವರ್ಡ್ಸ್ ‘ಲೈನ್ಸ್ ಆ್ಯಂಡ್ ವೇಲ್ಸ್’ ಎಂದು ರೂಢಿಗೆ ತಂದರು. ಪಾತ್ರವನ್ನು ಕಟ್ಟಿಹಾಕಬಹುದು, ಆಡುವವನನ್ನು ಕಟ್ಟಿಹಾಕುವಂತಿಲ್ಲ ಎಂಬುದನ್ನು ಈ ಪದ್ಧತಿ ನೆನಪಿನಲ್ಲಿಡುತ್ತದೆ.

ಸೋಲು ತನ್ನದೇ ಆಗಿದ್ದರೆ ಮನುಷ್ಯ ಅದನ್ನು ಹೊರಬಲ್ಲ. ಗುರುತುಗಳನ್ನು ಕಂಡಿದ್ದೆ, ಆದರೂ ಕಣಿವೆಗೆ ಇಳಿದೆ. ದಾಳ ನನ್ನ ಕಣ್ಣೆದುರೇ ಬಿತ್ತು. ಕತ್ತಿ ಕೆಳಗಿಟ್ಟವನು ನಾನೇ. ಹೀಗೆ ಹೇಳಿಕೊಳ್ಳಲು ಬಂದರೆ ಸೆರೆಯೂ ನನ್ನ ಕಥೆಯ ಭಾಗವಾಗುತ್ತದೆ. ಇನ್ನೊಬ್ಬರು ಮೊದಲೇ ಬರೆದಿಟ್ಟ ಸೋಲನ್ನು ನನ್ನದೆಂದು ಹೊರಿಸಿದಾಗ ಮಾತ್ರ ಮನಸ್ಸು ಕುದಿಯುತ್ತದೆ. ಗೋಡೆಗಳ ನಡುವೆಯೂ ನನ್ನ ಆಯ್ಕೆಯಿಂದ ಏನಾದರೂ ಬದಲಾಗುವುದಾದರೆ ಆ ಮಟ್ಟಿಗೆ ನಾನು ಸ್ವತಂತ್ರ. ಬಯಲಿನಲ್ಲಿ ನಿಂತಿದ್ದೂ ಏನೂ ಬದಲಾಗದಿದ್ದರೆ ಆಗಲೇ ಸೆರೆಯಲ್ಲಿದ್ದೇನೆ. ಆಟಗಾರ ಸಾವಿಗಿಂತ ಸೆರೆಗೆ ಅಂಜುವುದು ಈ ಎರಡನೆಯದನ್ನು ಕಂಡು.

ನಿಯಮ ಮಾಡುವುದೂ ತೀರ್ಪು ಕೊಡುವುದೂ ಒಬ್ಬರ ಕೈಯಲ್ಲೇ ಇರುವ ಜಾಗಗಳು ಮೇಜಿನಾಚೆಗೂ ಇವೆ: ತರಗತಿಯಲ್ಲಿ, ಕಚೇರಿಯಲ್ಲಿ, ಮನೆಯಲ್ಲಿ. ಅಂಥವರನ್ನು ಹೊರಗಿನಿಂದ ತಡೆಯುವವರು ಯಾರೂ ಇರುವುದಿಲ್ಲವಾದ್ದರಿಂದ ಅವರ ನ್ಯಾಯವೆಲ್ಲ ತಮಗೆ ತಾವೇ ಹಾಕಿಕೊಂಡ ಮಿತಿಯಲ್ಲಿರುತ್ತದೆ. ಡಂಜನ್ ಮಾಸ್ಟರ್ ಬಲೆ ಬೀಸುವ ಮುನ್ನ ತನ್ನನ್ನು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಇವರು ಇದರಿಂದ ನುಣುಚಿಕೊಂಡುಬಿಟ್ಟರೆ, ನಾನು ಹೆಣೆದಿಟ್ಟದ್ದೆಲ್ಲ ವ್ಯರ್ಥವಾದರೂ ಅದನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆಯೇ? ಒಪ್ಪುತ್ತೇನೆ ಎನ್ನಬಲ್ಲವನಿಗೆ ಮಾತ್ರ ಸೆರೆ ಹಿಡಿಯುವ ಹಕ್ಕಿದೆ.