ವೀರಾಭಿಜ್ಞಾನಗಳೂ ತರುಣ ಸಂಗ್ರಾಹಕರೂ

ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕವು ಮೊದಲಾಗುವಾಗ ಇಬ್ಬರು ಕಾವಲುಗಾರರು ಒಬ್ಬ ಬೆಸ್ತನನ್ನು ಕಟ್ಟಿ ತರುವರು. ಅರಸನ ಹೆಸರು ಕೆತ್ತಿದ ಉಂಗುರವೊಂದು ಅವನ ಕೈಯಲ್ಲಿ ಸಿಕ್ಕಿರುವುದು. ಅವರು ಕೇಳುವ ಪ್ರಶ್ನೆಯಾದರೋ ಒಂದೇ: ಇದು ನಿನಗೆ ಎಲ್ಲಿಂದ ಬಂದಿತು? ಮೀನಿನ ಹೊಟ್ಟೆಯಿಂದ ಬಂದಿತೆಂದು ಬಡವನು ನಿಜವನ್ನೇ ನುಡಿದರೂ ಅವರು ನಂಬಲೊಲ್ಲರು. ಅದೇ ಉಂಗುರವು ದುಷ್ಯಂತನ ಕೈಸೇರಿದ ಕ್ಷಣದಲ್ಲಿ ಮರೆತುಹೋದುದೆಲ್ಲವೂ ಅವನ ನೆನಪಿಗೆ ಬರುತ್ತದೆ. ವಸ್ತುವು ಒಂದೇ, ಬೆಸ್ತನಿಗೆ ಅದು ಚಿನ್ನ, ಕಾವಲುಗಾರರಿಗೆ ಕಳವಿನ ಮಾಲು, ಅರಸನಿಗೆ ಅಭಿಜ್ಞಾನ.

ಹಳೆಯ ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಸುತ್ತಿದ್ದ ತರುಣರಲ್ಲಿ ಕೆಲವರು ಈಗ ಯುದ್ಧಸಂಬಂಧವಾದ ವಸ್ತುಗಳತ್ತ ಮನಸ್ಸು ಹರಿಸುತ್ತಿರುವರು. ಪದಕಗಳು, ಕತ್ತಿಗಳು, ದಳದ ಬಿಲ್ಲೆಗಳು, ಸಮವಸ್ತ್ರದ ಗುಂಡಿಗಳು, ರಣರಂಗದಿಂದ ಮನೆಗೆ ಬರೆದ ಕಾಗದಗಳು, ಇವೆಲ್ಲವೂ ಅವರ ಸಂಗ್ರಹಕ್ಕೆ ಸೇರುತ್ತಲಿವೆ. ಇದು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಯು ಅನೇಕ ಮನೆಗಳಲ್ಲಿ ತಂದೆಮಕ್ಕಳ ನಡುವೆ ನಡೆಯುತ್ತಿರುವುದರಿಂದ ವಿಷಯವನ್ನು ಸ್ವಲ್ಪ ನಿಧಾನವಾಗಿ ವಿಚಾರಮಾಡುವುದು ಉಚಿತವಾಗಿದೆ.

ಮೊದಲನೆಯ ಪೂರ್ವಪಕ್ಷವು ಹಿರಿಯರದು. ಕೊಲೆಯ ಸಾಧನಗಳನ್ನು ಮನೆಯೊಳಗೆ ತಂದಿಡುವುದರಿಂದ ಮನಸ್ಸು ಕಠಿನವಾಗುವುದು; ಹಿಂಸೆಯನ್ನು ನೋಡಿ ಹಿಗ್ಗುವ ಸ್ವಭಾವವು ಬೆಳೆಯುವುದು ಎಂದು ಅವರು ಹೇಳುವರು. ಮಧುರೆ ಹೋಬಳಿಯಲ್ಲಿ ಈ ಮಾತಿಗೆ ಇನ್ನೊಂದು ಬಲವೂ ಉಂಟು. ಚಿಕ್ಕಮಧುರೆಯ ಶನೈಶ್ಚರಸ್ವಾಮಿಯ ಸನ್ನಿಧಿಗೆ ಶನಿವಾರಗಳಲ್ಲಿ, ಅದರಲ್ಲಿಯೂ ಶ್ರಾವಣಮಾಸದ ಶನಿವಾರಗಳಲ್ಲಿ, ಜನರು ತಂಡತಂಡವಾಗಿ ಬರುವರಷ್ಟೆ. ಕಬ್ಬಿಣವು ಶನಿಗೆ ಸಂಬಂಧಪಟ್ಟ ಲೋಹವೆಂಬ ನಂಬಿಕೆಯುಳ್ಳವರು ಯಾರದೋ ಹಳೆಯ ಕತ್ತಿಯನ್ನು ಮನೆಯ ಗೋಡೆಗೆ ತೂಗುಹಾಕಲು ಸುಲಭವಾಗಿ ಒಪ್ಪಲಾರರು. ಇದನ್ನು ಮೂಢನಂಬಿಕೆಯೆಂದು ನಗುವ ತರುಣನು ಒಂದು ಸಂಗತಿಯನ್ನು ಗಮನಿಸಬೇಕು. ಯಾರ ರಕ್ತವನ್ನು ಕಂಡಿದೆಯೋ ತಿಳಿಯದ ಕಬ್ಬಿಣವನ್ನು ವಿಚಾರಿಸದೆ ಒಳಗೆ ತರಬಾರದೆಂಬ ಸಂಕೋಚವು ಅದರೊಳಗೆ ಇದೆ. ಆ ಸಂಕೋಚವು ಸಂಗ್ರಾಹಕನಿಗೆ ಬೇಕಾದ ಗುಣವೇ ಸರಿ.

ಆದರೆ ಪೂರ್ವಪಕ್ಷವು ಪೂರ್ತಿಯಾಗಿ ನಿಲ್ಲುವುದಿಲ್ಲ. ಏಕೆಂದರೆ ಯುದ್ಧದಲ್ಲಿ ಮಡಿದವರ ನೆನಪನ್ನು ಉಳಿಸುವುದರಲ್ಲಿ ಕನ್ನಡನಾಡಿನ ಪೂರ್ವಿಕರು ಯಾರಿಗೂ ಹಿಂದೆ ಬಿದ್ದವರಲ್ಲ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನೆಂಬ ವೀರನ ಕಲ್ಲು ಕ್ರಿಸ್ತಶಕ ಸುಮಾರು ೭೫೦ರದು, ಗಂಗರ ಶ್ರೀಪುರುಷನ ಕಾಲದ್ದು. ಸಾವಿರದ ಇನ್ನೂರು ವರ್ಷಗಳು ಕಳೆದ ಮೇಲೆಯೂ ಆ ಹೆಸರನ್ನು ಓದಬಹುದಾಗಿದೆ. ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲಿನಲ್ಲಿ ನಾಗತ್ತರನೆಂಬವನು ಕಾಳಗದಲ್ಲಿ ಮಡಿದುದನ್ನೂ, ಅದರ ತರುವಾಯ ಇರುಗನೆಂಬವನಿಗೆ ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟುದನ್ನೂ ಹೇಳಿದೆ. ಅದೇ ಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲೂ ಇದೆ. ಕ್ರಿಸ್ತಶಕ ೯೪೯ರ ಸುಮಾರಿನ ಆ ಶಾಸನದಲ್ಲಿ ಮಣಲೆರನ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಸತ್ತುದನ್ನು ಸಹ ಮರೆಯದೆ ಕೆತ್ತಿಸಿರುವರು.

ಇಲ್ಲಿ ಎರಡು ವಿಷಯಗಳು ಎದ್ದುಕಾಣುತ್ತವೆ. ಪೂರ್ವಿಕರು ಕಾಪಾಡಿದ್ದು ಕತ್ತಿಯನ್ನಲ್ಲ, ಹೆಸರನ್ನು. ಕಲ್ಲನ್ನು ನಿಲ್ಲಿಸಿ ಕೈತೊಳೆದುಕೊಳ್ಳದೆ, ಅನೇಕ ಸಂದರ್ಭಗಳಲ್ಲಿ ಸತ್ತವನ ಮನೆಯವರಿಗೆ ಭೂಮಿಯನ್ನೂ ಬಿಟ್ಟುಕೊಟ್ಟರು. ನೆತ್ತರುಕೊಡಗೆ ಎಂಬ ಮಾತೇ ಅದಕ್ಕೆ ಹುಟ್ಟಿಕೊಂಡಿತು. ಸ್ಮರಣೆಯೆಂದರೆ ಬದುಕಿರುವವರ ವಿಷಯದಲ್ಲಿ ಒಂದು ಋಣವೆಂದು ಅವರು ತಿಳಿದಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈಗಿನ ಸಂಗ್ರಾಹಕನ ನಡತೆಯನ್ನು ಈ ಒರೆಗಲ್ಲಿಗೆ ಉಜ್ಜಿ ನೋಡಬೇಕಾಗಿದೆ.

ಎರಡನೆಯ ಪೂರ್ವಪಕ್ಷವು ತರುಣರದು: ಹಣವನ್ನು ಕೊಟ್ಟು ಕೊಂಡ ಮೇಲೆ ವಸ್ತುವು ನನ್ನದು, ಅದನ್ನು ಏನುಮಾಡಿದರೂ ಕೇಳುವವರು ಯಾರು? ಇದಕ್ಕೆ ಶ್ರೀರಂಗಪಟ್ಟಣದ ಉದಾಹರಣೆಯೇ ಸಾಕು. ೧೭೯೯ನೆಯ ಇಸವಿ ಮೇ ೪ರಂದು ಕೋಟೆಯು ಬಿದ್ದಾಗ, ಮಧುರೆಗೆ ನೆರೆಯದಾದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುಸುಲ್ತಾನನು ಮಡಿದನು. ಗೆದ್ದವರು ಅವನ ಸಿಂಹಾಸನವನ್ನು ಒಡೆದು ತುಂಡುತುಂಡಾಗಿ ಹಂಚಿಕೊಂಡರು. ಅದರ ಹುಲಿಮುಖಗಳು ಬೇರೆಬೇರೆ ಕೈಗಳಿಗೆ ಚೆದರಿದವು. ಮೇಲಿದ್ದ ಹಕ್ಕಿಯು ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿತು. ಕಂಪೆನಿಯವರು ಆ ಜಯಕ್ಕಾಗಿ ಹೊರಡಿಸಿದ ಪದಕದಲ್ಲಿ ಸಿಂಹವು ಹುಲಿಯನ್ನು ಕೆಡವುತ್ತಿರುವ ಚಿತ್ರವಿದೆ. ಅದನ್ನು ಪಡೆದವರ ಅಂತಸ್ತಿಗೆ ತಕ್ಕಂತೆ ಚಿನ್ನದಿಂದ ತವರದವರೆಗೆ ಬೇರೆಬೇರೆ ಲೋಹಗಳಲ್ಲಿ ಅಚ್ಚುಹಾಕಿಸಿದರು. ೨೦೧೪ರಲ್ಲಿ ಅವನ ಬೆರಳಿನದೆಂದು ಹೇಳಲಾದ, ದೇವನಾಗರಿಯಲ್ಲಿ ರಾಮನಾಮವನ್ನು ಕೆತ್ತಿದ ಉಂಗುರವೊಂದು ೧,೪೫,೦೦೦ ಪೌಂಡುಗಳಿಗೆ ಹರಾಜಾಯಿತು. ೨೦೨೩ರ ಮೇ ತಿಂಗಳಲ್ಲಿ ಅವನ ಶಯನಗೃಹದ್ದೆಂಬ ಕತ್ತಿಯು ಲಂಡನ್ನಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಹರಾಜಿನಲ್ಲಿ ಪ್ರತಿಯೊಬ್ಬನೂ ನ್ಯಾಯವಾಗಿಯೇ ಹಣ ಕೊಟ್ಟಿರಬಹುದು. ಆದರೂ ಕಾವಲುಗಾರರ ಪ್ರಶ್ನೆಯು ಇನ್ನೂರು ವರ್ಷಗಳಿಂದಲೂ ಆ ವಸ್ತುಗಳ ಬೆನ್ನುಬಿಟ್ಟಿಲ್ಲ. ಬೆಲೆಯಿಂದ ಒಡೆತನವು ಸಿಕ್ಕಬಹುದು. ಆ ಪ್ರಶ್ನೆಗೆ ಉತ್ತರವು ಸಿಕ್ಕುವುದಿಲ್ಲ.

ಹೀಗಿರಲು ಸಂಗ್ರಹಕ್ಕೂ ಪರಿಗ್ರಹಕ್ಕೂ ಇರುವ ಭೇದವನ್ನು ತಿಳಿಯಬೇಕು. ಚೆದರಿಹೋಗತಕ್ಕುದನ್ನು ಒಂದೆಡೆಗೆ ತಂದು ಕಾಪಾಡುವುದು ಸಂಗ್ರಹ; ತನ್ನದೆಂಬ ಅಭಿಮಾನದಿಂದ ಸುತ್ತಲೂ ಬೇಲಿಹಾಕಿಕೊಳ್ಳುವುದು ಪರಿಗ್ರಹ. ಕೊನೆಯ ಮಾತನ್ನು ಬಿಡಬೇಕೆಂದು ಯೋಗಶಾಸ್ತ್ರವೂ ಜೈನಧರ್ಮವೂ ಒಂದೇ ಸ್ವರದಲ್ಲಿ ವಿಧಿಸಿವೆ. ವ್ಯವಹಾರದಲ್ಲಿ ಇದನ್ನು ನಡೆಸುವ ಬಗೆಯೇನೆಂದರೆ, ಯಾಜ್ಞವಲ್ಕ್ಯಸ್ಮೃತಿಯ ಉಪನಿಧಿಪ್ರಕರಣವು ದಾರಿ ತೋರುತ್ತದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾವ್ಯಾಖ್ಯೆಯನ್ನು ಬರೆದುದು ಈ ಸ್ಮೃತಿಗೇ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿ ಮುಚ್ಚಿ ಇನ್ನೊಬ್ಬನ ಕೈಗೆ ಒಪ್ಪಿಸಿದ ದ್ರವ್ಯವು ಉಪನಿಧಿ. ಅದನ್ನು ಇದ್ದಂತೆಯೇ ಹಿಂದಕ್ಕೆ ಕೊಡಬೇಕು. ತನ್ನ ಇಷ್ಟದಂತೆ ಬಳಸಿ ಜೀವಿಸಿದವನು ದಂಡಕ್ಕೆ ಅರ್ಹನು. ಮಡಿದ ಯೋಧನ ಪದಕವನ್ನು ಕೈಯಲ್ಲಿ ಹಿಡಿದವನು ತಾನು ಒಂದು ಉಪನಿಧಿಯನ್ನು ಹಿಡಿದಿರುವೆನೆಂದು ಬಗೆದರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಹೊರಡುತ್ತವೆ.

ಆದಕಾರಣ ಹೊಸಬನು ಅಂಗಡಿಯಿಂದ ಆರಂಭಿಸದೆ ತನ್ನ ಮನೆಯಿಂದಲೇ ಆರಂಭಿಸತಕ್ಕದ್ದು. ೧೯೧೪ರಿಂದ ೧೯೧೮ರವರೆಗಿನ ಮಹಾಯುದ್ಧಕ್ಕೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವು ಹೋಗಿ, ೧೯೧೮ನೆಯ ಸೆಪ್ಟೆಂಬರ್ ೨೩ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಹಿಡಿಯಿತು. ದೆಹಲಿಯ ತೀನ್‌ಮೂರ್ತಿ ಸ್ಮಾರಕದಲ್ಲಿರುವ ಮೂವರಲ್ಲಿ ಒಬ್ಬನು ಮೈಸೂರಿನವನೇ. ಅಂತಹ ಮನೆತನಗಳ ಪೆಟ್ಟಿಗೆಗಳಲ್ಲಿ ಪದಕವಿದ್ದರೆ ಅದರ ಅಂಚನ್ನು ಭೂತಗನ್ನಡಿಯಿಂದ ನೋಡಬೇಕು. ಆ ಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಪಡೆದವನ ಸಂಖ್ಯೆ, ಹೆಸರು, ದಳ, ಇವುಗಳನ್ನು ಒತ್ತಿರುವರು. ಕೂಲಿದಳಗಳವರಿಗೆ ಕೊಟ್ಟವುಗಳಲ್ಲಿ ಅನೇಕವು ಕಂಚಿನವು. ಹೊರೆ ಹೊತ್ತವನ ಹೆಸರೂ ಅಂಚಿನಲ್ಲಿದೆ, ಲೋಹದಲ್ಲಿ ಮಾತ್ರ ಭೇದಮಾಡಿದರು! ಬೇಟೆಗಾರರು ಬೆಳ್ಳಿಯದನ್ನೇ ಹುಡುಕುವುದುಂಟು. ಹೆಸರಿಗಾಗಿ ಹುಡುಕುವವನಿಗೆ ಕಂಚಿನದೂ ಅಷ್ಟೇ ದೊಡ್ಡದು.

ಇಂತಹ ಪದಕವನ್ನು ನಮ್ಮ ಮನೆಗಳಲ್ಲಿ ಹಿತ್ತಾಳೆಯ ಪಾತ್ರೆಯಂತೆ ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುವುದುಂಟು. ನಾಲ್ಕು ಹಬ್ಬಗಳಿಗೆ ಹೀಗೆ ಬೆಳಗಿದರೆ ಅಕ್ಷರಗಳು ಸವೆದು, ವೀರನು ಎರಡನೆಯ ಸಲ ಸತ್ತಂತಾಯಿತು. ಒಣಬಟ್ಟೆಯಿಂದ ಧೂಳನ್ನು ಒರಸುವುದೇ ಸಾಕು. ಪಟ್ಟಿಯು ಹರಿದಿದ್ದರೂ ಕಿತ್ತೆಸೆಯಬಾರದು. ಕತ್ತಿಯ ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಹಚ್ಚಿ ತೇವವಿಲ್ಲದ ಕಡೆ ಇಡಬೇಕು. ಬರಿಗೈಯ ಬೆವರು ಅದಕ್ಕೆ ತುಕ್ಕನ್ನು ತರುತ್ತದೆ.

ವಸ್ತುವಿಗಿಂತ ಮೊದಲು ಒಂದು ದಪ್ಪನೆಯ ಪುಸ್ತಕವನ್ನು ಕೊಳ್ಳಬೇಕು. ಕೊಟ್ಟವರು ಯಾರು, ಯಾವ ದಿನ, ಯಾವ ಊರಿನಲ್ಲಿ, ಅವರು ಹೇಳಿದ ಮಾತೇನು ಎಂಬುದನ್ನು ಅವರ ಮಾತಿನಲ್ಲಿಯೇ ಅದರಲ್ಲಿ ಬರೆದಿಡಬೇಕು. ಕೇಳಿದ್ದನ್ನು ಬೇರೆಯಾಗಿಯೂ, ಪರೀಕ್ಷಿಸಿ ಕಂಡದ್ದನ್ನು ಬೇರೆಯಾಗಿಯೂ ಬರೆಯುವುದು ಮುಖ್ಯ. ಹುಲಿಯ ಗುರುತನ್ನು ಹಾಕಿ, ಆಮ್ಲದಿಂದ ತುಕ್ಕುಹಿಡಿಸಿ, ಟಿಪ್ಪುವಿನ ಕಾಲದ್ದೆಂದು ಮಾರುವ ಕೃತ್ರಿಮ ಕತ್ತಿಗಳು ಪೇಟೆಯಲ್ಲಿ ಇಲ್ಲದಿಲ್ಲ. ಕಥೆಯು ಅತಿ ಸುಂದರವಾಗಿ ತುಂಬಿಕೊಂಡಷ್ಟೂ ಸಂದೇಹವು ಹೆಚ್ಚಬೇಕು.

ವಸ್ತುವು ದೊರೆತ ಸ್ಥಳವೂ ಅದರ ಕಥೆಯ ಒಂದು ಭಾಗವೇ ಆಗಿದೆ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಯುದ್ಧಬಾಣಗಳನ್ನು, ಎಂದರೆ ರಾಕೆಟ್ಟುಗಳನ್ನು, ಪುರಾತತ್ವ ಇಲಾಖೆಯವರು ಮೇಲಕ್ಕೆ ತೆಗೆದರು. ಇವು ಹೈದರ್, ಟಿಪ್ಪು ಇವರ ಕಾಲದವೆಂದು ನಿರ್ಣಯವಾಯಿತು. ಸಾವಿರವು ಒಂದೇ ಕಡೆ ಇದ್ದುದರಿಂದಲೇ ಅದೊಂದು ಆಯುಧಸಂಚಯವೆಂದು ಹೇಳಲು ಸಾಧ್ಯವಾಯಿತು. ಹುಡುಗರು ಒಂದೊಂದನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಸಾವಿರ ಮನೆಗಳಲ್ಲಿ ಸಾವಿರ ಕೊಳವೆಗಳು ಇರುತ್ತಿದ್ದುವು, ಇತಿಹಾಸವು ಎಲ್ಲಿಯೂ ಇರುತ್ತಿರಲಿಲ್ಲ. ಆದುದರಿಂದ ಮಾಕಳಿದುರ್ಗ, ಹುಲುಕುಡಿ ಬೆಟ್ಟ, ದೇವನಹಳ್ಳಿಯ ಕೋಟೆ, ಇಂತಹ ಕಡೆಗಳಲ್ಲಿ ನೆಲವನ್ನು ಕೆದಕುವ ಚಪಲಕ್ಕೆ ತರುಣರು ಎಂದಿಗೂ ಒಳಗಾಗಬಾರದು. ಸಿಡಿಯದೆ ಉಳಿದ ಗುಂಡೋ ಮದ್ದಿನ ಕೊಳವೆಯೋ ಕಂಡರೆ ಮುಟ್ಟದೆ ಪೋಲೀಸರಿಗೆ ತಿಳಿಸತಕ್ಕದ್ದು.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಭೂಮಿಯಲ್ಲಿ ದೊರೆತ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು ೧೮೭೮ರ ಕಾನೂನು ವಿಧಿಸುತ್ತದೆ; ಕಂಡ ನಿಧಿಯನ್ನು ಅರಸನಿಗೆ ತಿಳಿಸದವನು ದಂಡಾರ್ಹನೆಂದು ಯಾಜ್ಞವಲ್ಕ್ಯನೂ ಹೇಳಿರುವನಾದುದರಿಂದ ಇದು ಪರಕೀಯರ ಕಟ್ಟಳೆಯೆಂದು ಗೊಣಗುವುದಕ್ಕೆ ಎಡೆಯಿಲ್ಲ. ನೂರು ವರ್ಷಗಳಿಗೆ ಕಡಿಮೆಯಿಲ್ಲದ ಪುರಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ೧೯೭೨ರ ಕಾನೂನು ನಿಷೇಧಿಸಿದೆ. ಅವುಗಳಲ್ಲಿ ಕೆಲವು ಬಗೆಯವನ್ನು ನೋಂದಾಯಿಸಲೂ ಬೇಕು. ಮೊದಲನೆಯ ಮಹಾಯುದ್ಧದ ವಸ್ತುಗಳು ಈಗ ಆ ಎಲ್ಲೆಯನ್ನು ದಾಟುತ್ತಲಿವೆ. ಬಂದೂಕಿನ ವಿಷಯದಲ್ಲಿ ೧೯೫೯ರ ಆಯುಧಶಾಸನವುಂಟು. ಹಳೆಯದೆಂಬ ಮಾತ್ರಕ್ಕೆ ಪರವಾನಗಿ ಬೇಡವೆಂದು ತಾನೇ ತೀರ್ಮಾನಿಸಿಕೊಳ್ಳದೆ ವಿಚಾರಿಸಿ ನಡೆಯಬೇಕು.

ಕಾನೂನಿಗೆ ಸಿಕ್ಕದ ಅಧರ್ಮವು ಇನ್ನೊಂದಿದೆ. ಬಡತನದಲ್ಲಿರುವ ಒಬ್ಬಾಕೆಯು ಅಜ್ಜನ ಪದಕವನ್ನು ಬೆಳ್ಳಿಯ ತೂಕಕ್ಕೆ ಮಾರಲು ತರುವಳು. ಅದರ ನಿಜವಾದ ಬೆಲೆಯು ಹತ್ತರಷ್ಟೆಂದು ಕೊಳ್ಳುವವನಿಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಇಲ್ಲಿ ಸುಮ್ಮನಿರುವುದು ಜಾಣತನವೆಂದು ಪೇಟೆಯವರು ಹೇಳುವರು. ಆದರೆ ದುಷ್ಯಂತನು ತನ್ನ ಉಂಗುರವು ದೊರೆತಾಗ ಅದರ ಬೆಲೆಗೆ ಸಮನಾದ ಹಣವನ್ನು ಬೆಸ್ತನಿಗೆ ಕೊಡಿಸಿದನು. ಅಲ್ಲಿ ಉಂಗುರವು ಅವನದೇ ಆಗಿತ್ತು! ಆಕೆಗೆ ಮೊದಲು ಅಂಚಿನ ಹೆಸರನ್ನು ಓದಿ ಹೇಳಬೇಕು, ಬೆಲೆಯನ್ನೂ ತಿಳಿಸಬೇಕು, ಇಷ್ಟಾದ ಮೇಲೂ ಮಾರುವುದಾದರೆ ಕೊಳ್ಳಬಹುದು. ಕೊಳ್ಳುವುದೇ ತಪ್ಪೆಂದು ಹೇಳುವುದೂ ಅತಿಯಾಗುತ್ತದೆ. ೧೯೭೯-೮೦ರಲ್ಲಿ ಲೋಕದಲ್ಲೆಲ್ಲ ಬೆಳ್ಳಿಯ ಬೆಲೆಯು ಏರಿದಾಗ ಮಹಾಯುದ್ಧದ ಎಷ್ಟೋ ಪದಕಗಳು ಕುಲುಮೆಯಲ್ಲಿ ಕರಗಿಹೋದುವು. ಆಗ ಸಂಗ್ರಾಹಕರ ಪೆಟ್ಟಿಗೆಯನ್ನು ಸೇರಿದುವುಗಳ ಹೆಸರುಗಳಾದರೂ ಉಳಿದುವು.

ಶತ್ರುವಿನ ವಸ್ತುವೆಂದು ಕೈಸೇರಿದುದರಲ್ಲಿಯೂ ಈ ನ್ಯಾಯವು ಬದಲಾಗದು. ಎರಡನೆಯ ಮಹಾಯುದ್ಧಕ್ಕೆ ಹೊರಟ ಜಪಾನೀ ಯೋಧರು ಬಂಧುಮಿತ್ರರ ಸಹಿಗಳುಳ್ಳ ಧ್ವಜವನ್ನು ಒಯ್ಯುತ್ತಿದ್ದರು. ಗೆದ್ದವರು ಮನೆಗೆ ತಂದ ಆ ಧ್ವಜಗಳಲ್ಲಿ ಅನೇಕವನ್ನು ಅವರ ಮಕ್ಕಳು ಮೊಮ್ಮಕ್ಕಳು ಈಗ ಜಪಾನಿನ ಕುಟುಂಬಗಳಿಗೆ ಹುಡುಕಿ ಹಿಂದಕ್ಕೆ ಕಳುಹಿಸುತ್ತಿರುವರು. ಉಪನಿಧಿಯು ಸೇರತಕ್ಕ ಕಡೆಗೆ ಸೇರಿತು.

ಇನ್ನು ವೀರಗಲ್ಲುಗಳ ಮಾತು. ಇವನ್ನು ಸಂಗ್ರಹಿಸುವ ಬಗೆಯೇ ಬೇರೆ, ಕಲ್ಲನ್ನು ಕದಲಿಸಕೂಡದು. ನಿಧಿಯಾಸೆಯಿಂದ ಬುಡವನ್ನು ಅಗೆದು ಉರುಳಿಸಿದ ಕಲ್ಲುಗಳೂ, ರಸ್ತೆಯ ಜಲ್ಲಿಯೊಡನೆ ಮಣ್ಣುಪಾಲಾದ ಕಲ್ಲುಗಳೂ ಈಗಾಗಲೇ ಸಾಕಷ್ಟಿವೆ. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ಣಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರಿಯಾಗಿ ಅಚ್ಚಾಗಿವೆ. ಮಧುರೆಯ ತರುಣನು ರಜೆಯ ದಿನಗಳಲ್ಲಿ ದೊಡ್ಡಬಳ್ಳಾಪುರದ ಭಾಗವನ್ನು ಕೈಯಲ್ಲಿ ಹಿಡಿದು ಹಳ್ಳಿಹಳ್ಳಿಗೂ ಹೋಗಿ, ಯಾವ ಕಲ್ಲು ನಿಂತಿದೆ, ಯಾವುದು ಬಿದ್ದಿದೆ, ಪುಸ್ತಕದಲ್ಲಿಲ್ಲದ್ದು ಯಾವುದು ಎಂಬುದನ್ನು ಬರೆದು, ಛಾಯಾಚಿತ್ರ ತೆಗೆದು, ಹೊಲದ ಒಡೆಯನಿಗೆ ಕಲ್ಲಿನ ಮೇಲಿನ ಹೆಸರನ್ನು ತಿಳಿಸಿ ಬರಲಿ. ಇದಕ್ಕೆ ಬಸ್ಸಿನ ಚಾರ್ಜಲ್ಲದೆ ಬೇರೆ ಖರ್ಚಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ವಸ್ತುಗಳ ಪಟ್ಟಿಯನ್ನಾದರೋ ಮುಚ್ಚಳದ ಒಳಮೈಗೆ ಅಂಟಿಸಿ, ಪ್ರತಿಯೊಂದರ ಎದುರಿಗೂ ಅದು ಯಾರ ಮನೆಯಿಂದ ಬಂದಿತು, ತನ್ನ ಕಾಲಾನಂತರ ಯಾರಿಗೆ ಸೇರಬೇಕು ಎಂಬುದನ್ನು ಮಸಿಯಿಂದ ಬರೆದು ಸಹಿ ಹಾಕಿಡಬೇಕು.