ಲೆಕ್ಕ ಓದುವ ಸಭೆ

ಪುತ್ತೂರು, ಸುಳ್ಯ, ಕಡಬದ ಕಡೆ ಆಗಸ್ಟ್ ಕಳೆದು ಸೆಪ್ಟೆಂಬರ್ ಬಂತೆಂದರೆ ಸೊಸೈಟಿಗಳ ಮಹಾಸಭೆಯ ಕಾಲ. ಮಳೆ ಹೊಳವಾದಾಗ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ ಇನ್ನೂ ಮುಗಿದಿರುವುದಿಲ್ಲ. ಆದರೂ ಸದಸ್ಯರು ಅಚ್ಚಾದ ವರದಿ ಪುಸ್ತಕ ಕೈಯಲ್ಲಿ ಹಿಡಿದು ಸಂಘದ ಸಭಾಭವನಕ್ಕೆ ಬರುತ್ತಾರೆ. ಸ್ವಾಗತ, ದೀಪ, ಭಾಷಣ ಎಲ್ಲ ಅದರ ಪಾಡಿಗೆ ಆಗುತ್ತದೆ. ಜಮಾ-ಖರ್ಚು ಓದಲು ತೊಡಗಿದಾಗ ಮಾತ್ರ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಲ್ಲುತ್ತಾರೆ: ಹೋದ ವರ್ಷ ಇಷ್ಟಿದ್ದ ಸಾಗಾಟದ ಖರ್ಚು ಈ ವರ್ಷ ಅಷ್ಟಾದದ್ದು ಹೇಗೆ? ಅಧ್ಯಕ್ಷರಿಗೆ ಸಿಟ್ಟು ಬರಬಹುದು, ಬೆವರೂ ಬರಬಹುದು. ಉತ್ತರ ಕೊಡದೆ ಊಟಕ್ಕೆ ಏಳುವ ಹಾಗಿಲ್ಲ.

ಈ ಸಭೆಯನ್ನು ನಾವು ವರ್ಷಕ್ಕೊಮ್ಮೆ ಬರುವ ಕಿರಿಕಿರಿ ಎಂದುಕೊಂಡಿದ್ದೇವೆ. ಹೊಸದಾಗಿ ಸಂಸ್ಥೆ ಕಟ್ಟುತ್ತಿರುವ ಇಲ್ಲಿನ ಹುಡುಗ ಹುಡುಗಿಯರನ್ನು ನೋಡಿದಾಗಲೆಲ್ಲ ಅವರಿಗೆ ಇಲ್ಲದೆ ಹೋದದ್ದು ಇದೇ ಎಂದು ನನಗೆ ಅನಿಸುತ್ತದೆ.

ನೆಹರೂನಗರದ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನಲ್ಲೋ ಸುಳ್ಯದ ಕೆವಿಜಿಯಲ್ಲೋ ಓದಿ, ಬೆಂಗಳೂರಿನಲ್ಲಿ ನಾಲ್ಕಾರು ವರ್ಷ ಸಂಬಳಕ್ಕೆ ದುಡಿದು, ಆಮೇಲೆ ಸ್ವಂತದ್ದೊಂದು ಸ್ಟಾರ್ಟಪ್ ಎಂದು ಹೊರಟವರು ಈಗ ಪ್ರತಿ ಊರಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಏಪ್ರಿಲ್‌ನಲ್ಲಿ ಮಹಾಲಿಂಗೇಶ್ವರನ ಜಾತ್ರೆಗೆ ಊರಿಗೆ ಬಂದವನಿಗೆ ದೇವರಮಾರು ಗದ್ದೆಯಲ್ಲಿ ನೆಂಟರು ಎದುರಾಗುತ್ತಾರೆ. “ಎಂತ ಮಾರಾಯ, ಕಂಪೆನಿ ಹೇಗುಂಟು?” “ಪರವಾಗಿಲ್ಲ ಮಾವ, ನಡೀತಾ ಉಂಟು.” ಅಲ್ಲಿಗೆ ಮಾತು ಮುಗಿಯಿತು. ಇಬ್ಬರೂ ಚುರುಮುರಿಯ ಕಡೆಗೆ ನಡೆಯುತ್ತಾರೆ.

ಆ ‘ಪರವಾಗಿಲ್ಲ’ದ ಒಳಗೆ ಏನೇನಿರುತ್ತದೆ? ಸರಕು ಕೊಟ್ಟು ಬಿಲ್ ಕಳಿಸಿ ತಿಂಗಳುಗಳಾದರೂ ದೊಡ್ಡ ಗಿರಾಕಿಯಿಂದ ಹಣ ಬಂದಿರುವುದಿಲ್ಲ. ಬಿಲ್ ಮಾಡಿಯಾಗಿದೆಯಲ್ಲ, ಹಣ ಬರಲಿ ಬಾರದಿರಲಿ ಅದರ ಜಿಎಸ್‌ಟಿಯನ್ನು ಮುಂದಿನ ತಿಂಗಳು 20ರೊಳಗೆ ಕಟ್ಟಬೇಕು. ಪಿಎಫ್ 15ರೊಳಗೆ. ಸಂಬಳ ಒಂದನೇ ತಾರೀಕಿಗೆ. ಈ ಮೂರು ತಾರೀಕುಗಳ ನಡುವೆ ತನ್ನ ಸಂಬಳ ಎಂಬುದೊಂದು ಇದ್ದದ್ದನ್ನು ಅವನು ಮರೆತು ಬಹಳ ಕಾಲವಾಗಿರುತ್ತದೆ. ಜೊತೆಗೆ ಕಂಪೆನಿ ಶುರು ಮಾಡಿದ ಗೆಳೆಯ ಮದುವೆಯಾಗಿ, ಮಗುವಾಗಿ, ಮನೆಸಾಲದ ಕಂತು ನೆನೆದು ಪುನಃ ಕೆಲಸಕ್ಕೆ ಸೇರಿರುತ್ತಾನೆ. ಇವನ ಜಾತಕ ಹಿಡಿದು ಹೋದಲ್ಲೆಲ್ಲ ಹುಡುಗಿಯ ಮನೆಯವರು ‘ಸ್ವಂತ ಕಂಪೆನಿ’ ಎಂದೊಡನೆ ಮಾತು ಬದಲಿಸುತ್ತಾರೆ. ಮನೆಯ ಅಟ್ಟದಲ್ಲಿ ಅಪ್ಪ ಒಳ್ಳೆಯ ಧಾರಣೆಗೆಂದು ಎರಡು ವರ್ಷ ಕಾದು ಇಟ್ಟಿದ್ದ ಡಬ್ಬಲ್ ಚೋಲ್ ಅಡಿಕೆ ಒಂದು ದಿನ ಸದ್ದಿಲ್ಲದೆ ಪೇಟೆಗೆ ಹೋಗಿರುತ್ತದೆ. ಏಕೆಂದು ತಂಗಿಗೆ ಗೊತ್ತಿರುತ್ತದೆ, ಅವಳು ಕೇಳುವುದಿಲ್ಲ.

ಹಣದ ಕಷ್ಟ ಕೃಷಿಕರ ಮನೆಗೆ ಹೊಸತಲ್ಲ. ಕೊಳೆರೋಗ ಬಂದ ವರ್ಷ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಸಂಪಾಜೆ, ಅರಂತೋಡಿನ ಕಡೆ ಹಳದಿ ರೋಗ ತೋಟಗಳನ್ನೇ ತಿಂದುಹಾಕಿದ್ದನ್ನು ಕಂಡಿದ್ದೇವೆ. ಆದರೆ ಆ ನಷ್ಟ ಕಣ್ಣಿಗೆ ಕಾಣುತ್ತದೆ. ಉದುರಿದ ಕಾಯಿ ಅಂಗಳದಲ್ಲೇ ಬಿದ್ದಿರುತ್ತದೆ, ನೆರೆಯವನೂ ಅದೇ ಕಷ್ಟದಲ್ಲಿರುತ್ತಾನೆ, ದೂರಲು ಮಳೆಯಿದೆ. ಕಂಪೆನಿಯ ನಷ್ಟ ಲ್ಯಾಪ್‌ಟಾಪ್‌ನ ಒಂದು ಹಾಳೆಯಲ್ಲಿದ್ದು, ಅದನ್ನು ನೋಡುವವನು ಒಬ್ಬನೇ. ಬಂಡವಾಳ ಹಾಕಿದವರಿಗೆ ತಿಂಗಳು ತಿಂಗಳು ವರದಿ ಹೋಗುತ್ತದೆ, ನಿಜ. ಮುಂದಿನ ಕಂತನ್ನು ಅವರಿಂದಲೇ ಪಡೆಯಬೇಕಾದ್ದರಿಂದ ಆ ವರದಿ ಮದುವೆಗೆ ಹೊರಟ ಹಾಗೆ ಉಡುಪು ತೊಟ್ಟೇ ಹೋಗುತ್ತದೆ. ಕೆಲಸಗಾರರಿಗೆ ಹೇಳಿದರೆ ಅವರು ಬಿಟ್ಟು ಹೋಗುವ ಭಯ, ಮನೆಯಲ್ಲಿ ಹೇಳಿದರೆ ಅಮ್ಮ ನಿದ್ದೆ ಬಿಡುವ ಭಯ. ಹೀಗೆ ಇಡೀ ಲೆಕ್ಕ ಒಬ್ಬನ ತಲೆಯಲ್ಲೇ ಉಳಿಯುತ್ತದೆ.

ಈ ನೆಲದಲ್ಲಿ ಸಂಸ್ಥೆ ಕಟ್ಟಿದ ಮೊದಲಿಗರ ಕಡೆ ನೋಡಬೇಕಾದ್ದು ಇಲ್ಲಿ. ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನು ಹುಟ್ಟುಹಾಕಿದ್ದು ಇದೇ ಪುತ್ತೂರಿನಲ್ಲಿ. ಲೇವಾದೇವಿಯವರ ಬಡ್ಡಿಯಲ್ಲಿ ಬೇಯುತ್ತಿದ್ದ ಒಕ್ಕಲುಗಳಿಗೆ ಸಾಲ ಸಿಗುವ ದಾರಿ ಮಾಡಬೇಕಿತ್ತು. ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರ ಜುಲೈಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆರಂಭವಾಯಿತು. ಅಡಿಕೆ ಧಾರಣೆ ಕುಸಿದು, ಬೆಳೆದವನಿಗೆ ತನ್ನ ಬೆಳೆಗೆ ಬೆಲೆ ಹೇಳುವ ಹಕ್ಕೇ ಇಲ್ಲದಿದ್ದ ಕಾಲ ಅದು. ಕೆಲವೇ ವರ್ಷಗಳಲ್ಲಿ ಇನ್ನೊಂದು ಪರೀಕ್ಷೆ ಬಂತು. ಅಡಿಕೆಯ ನಡುವೆ ಕೊಕ್ಕೊ ನೆಡಿ ಎಂದು ಹೇಳಿ ನೆಡಿಸಿದ್ದವರು, ಹೊರದೇಶದ ಬೆಲೆ ಬಿದ್ದೊಡನೆ ಖರೀದಿಯಿಂದ ಹಿಂದೆ ಸರಿದರು. ಕೊಕ್ಕೊ ವ್ಯಾಪಾರದ ಗಂಧಗಾಳಿ ಇಲ್ಲದಿದ್ದ ಅಡಿಕೆಯ ಸಂಸ್ಥೆ ಆ ಹಸಿಬೀಜವನ್ನು ಕೊಳ್ಳಲು ನಿಂತಿತು. ಕೊಂಡದ್ದನ್ನು ಏನು ಮಾಡುವುದು? 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ಎದ್ದಿತು. ಅಡಿಕೆ ಬೆಳೆಗಾರರು ಚಾಕಲೇಟ್ ಮಾಡುವುದೆಂದರೆ ಆಗ ನಗುವ ಮಾತಾಗಿದ್ದಿರಬೇಕು. ಇಂದಿನ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಸ್ಟಾರ್ಟಪ್ ಬೇರೆ ಬೇಕೆ?

ಸುಬ್ರಾಯ ಭಟ್ಟರ ದಿಟ್ಟತನದ ಬಗ್ಗೆ ನಾವು ಧಾರಾಳ ಮಾತಾಡುತ್ತೇವೆ. ಆ ದಿಟ್ಟತನಕ್ಕೆ ಕೆಳಗಿನಿಂದ ಆಸರೆಯಾಗಿದ್ದ ಪಾಲುದಾರರ ಪಟ್ಟಿಯ ಬಗ್ಗೆ ಮಾತು ಕಡಿಮೆ. ಸಾವಿರಾರು ಬೆಳೆಗಾರರು ಪಾಲು ಹಾಕಿದ್ದರು. ಕಾರ್ಖಾನೆ ಕೈಕೊಟ್ಟಿದ್ದರೆ ನಷ್ಟ ಹಂಚಿಹೋಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ನಷ್ಟವನ್ನು ಒಂದು ದಿನ ಸಭೆಯ ಎದುರು ಗಟ್ಟಿಯಾಗಿ ಓದಲೇಬೇಕಿತ್ತು. ಅಷ್ಟು ಜನ ಕೇಳಿದ ನಷ್ಟ ಒಬ್ಬನ ಎದೆಯ ಮೇಲೆ ಕೂತುಕೊಳ್ಳುವುದಿಲ್ಲ.

ಸಹಕಾರ ಎಂದರೆ ಎಲ್ಲ ಸರಿ ಎಂದೇನೂ ಅಲ್ಲ. ಸಂಘದ ಚುನಾವಣೆಯಲ್ಲಿ ಪಕ್ಷದ ಬಾವುಟ ಹಾರುವುದನ್ನು ನಾವೇ ನೋಡುತ್ತೇವೆ. ಲೆಕ್ಕ ಓದಿಯೂ ಲೆಕ್ಕ ಮುಚ್ಚುವ ವಿದ್ಯೆ ಬಲ್ಲವರಿದ್ದಾರೆ. ಎಲ್ಲರೂ ಒಪ್ಪುವವರೆಗೆ ಕಾದರೆ ಕೆಲವು ಕೆಲಸ ಆಗುವುದೂ ಇಲ್ಲ; ಒಬ್ಬನ ಹಠದಿಂದಲೇ ಆಗಬೇಕಾದ ಕೆಲಸಗಳಿವೆ.

ಅಂಥ ಹಠಕ್ಕೂ ಪುತ್ತೂರಿನಲ್ಲೇ ಉದಾಹರಣೆಯಿದೆ. ಶಿವರಾಮ ಕಾರಂತರು ಇಲ್ಲಿ ಸುಮಾರು ನಾಲ್ಕು ದಶಕ ಬದುಕಿದರು. ಇಂದು ನಾವು ಪರ್ಲಡ್ಕದ ಬಾಲವನಕ್ಕೆ ಜ್ಞಾನಪೀಠದ ಕಾದಂಬರಿಕಾರನ ಮನೆ ನೋಡಲು ಹೋಗುತ್ತೇವೆ. ಅವರ ಕಾಲದಲ್ಲಿ ಅದು ಒಂದರ ಮೇಲೊಂದು ಸಾಹಸ ಶುರುವಾಗುತ್ತಿದ್ದ ಜಾಗ. ಪತ್ರಿಕೆ ನಡೆಸಿದ್ದರು. 1930ರ ಹೊತ್ತಿಗೆ ಮೂಕಿ ಚಿತ್ರ ತೆಗೆದಿದ್ದರು. ಮಕ್ಕಳಿಗೆ ಹೊಸ ಬಗೆಯ ಶಾಲೆ ತೆರೆದರು. ಮುದ್ರಣಾಲಯ ಹಾಕಿದರು. ಕನ್ನಡದ ಮಕ್ಕಳಿಗೆ ವಿಶ್ವಕೋಶ ಬೇಕೆಂದು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು 1936ರಲ್ಲಿ ಹೊರತಂದರು. ಇವುಗಳಲ್ಲಿ ಕೈ ಸುಟ್ಟುಕೊಂಡದ್ದೇ ಹೆಚ್ಚು. ಸಂಘವಿಲ್ಲ, ಪಾಲುದಾರರಿಲ್ಲ. ಹಾಗಾದರೆ ಅವರು ಲೆಕ್ಕ ಒಪ್ಪಿಸಿದ್ದು ಯಾರಿಗೆ? ಅವರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ 1948ರಲ್ಲಿ ಬಂತು. ಆಗ ಅವರಿಗೆ ಐವತ್ತು ಕೂಡ ತುಂಬಿರಲಿಲ್ಲ. ಗೆದ್ದು ಮುಗಿಸಿದವನು ಇಳಿವಯಸ್ಸಿನಲ್ಲಿ ಹಿಂದಿರುಗಿ ನೋಡಿ ಬರೆದದ್ದಲ್ಲ ಅದು. ನಡುದಾರಿಯಲ್ಲಿ ನಿಂತು, ಮಾಡಿದ್ದೇನು, ಕಳೆದದ್ದೆಷ್ಟು ಎಂದು ಕನ್ನಡಿಗರೆಲ್ಲರ ಎದುರು ಓದಿದ ವರದಿ. ತಾನು ಕಟ್ಟಿದ ಯಾವ ಒಂದನ್ನೂ ಅವರು ‘ಇದೇ ನಾನು’ ಎಂದುಕೊಳ್ಳಲಿಲ್ಲ. ಒಂದು ಮುಚ್ಚಿದರೆ ಇನ್ನೊಂದಕ್ಕೆ ಕೈಹಾಕುವ ಶಕ್ತಿ ಉಳಿದದ್ದು ಅದರಿಂದ.

ಇನ್ನು ನಮ್ಮ ಕಾಲದ್ದು. ಸುಳ್ಯದ ಬೆಳ್ಳಾರೆಯ ಕಡೆಯವರಾದ ಸತ್ಯಶಂಕರರ ಕಥೆಯನ್ನು ಕಾಲೇಜು ಸಮಾರಂಭಗಳಲ್ಲಿ ಕೇಳದವರಿಲ್ಲ. ಸಾಲ ಮಾಡಿ ಆಟೋರಿಕ್ಷಾ ತೆಗೆದುಕೊಂಡು ಓಡಿಸುತ್ತಿದ್ದವರು ಬಿಂದು ಜೀರಾದ ಒಡೆಯರಾದರು ಎಂದು ಎರಡು ವಾಕ್ಯದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಆ ಎರಡು ವಾಕ್ಯದ ನಡುವೆ ರಿಕ್ಷಾದ ಸಾಲ ತೀರಿಸಿದ್ದಿದೆ, ಕಾರಿದೆ, ಬಿಡಿಭಾಗ ಮತ್ತು ಟಯರಿನ ವ್ಯಾಪಾರವಿದೆ, ವಾಹನ ಸಾಲ ಕೊಡುವ ಸಂಸ್ಥೆಯಿದೆ, 2000ದ ಹೊತ್ತಿಗೆ ಬಾಟಲಿ ನೀರಿದೆ. ಜೀರಿಗೆಯ ಪಾನೀಯ ಬಂದದ್ದು ಅದೂ ಆದಮೇಲೆ, 2002ರಲ್ಲಿ. ರಿಕ್ಷಾದವನ ಲೆಕ್ಕ ಪ್ರತಿ ಸಂಜೆ ಮುಗಿಯುತ್ತದೆ. ಪೆಟ್ರೋಲು, ಕಂತು ಕಳೆದು ಕಿಸೆಯಲ್ಲಿ ಉಳಿದದ್ದೇ ಲಾಭ, ಅಲ್ಲಿ ಸುಳ್ಳು ಹೇಳಿಕೊಳ್ಳಲು ಎಡೆಯಿಲ್ಲ. ಅಂಥ ಲೆಕ್ಕದಿಂದ ಶುರು ಮಾಡಿದವರ ಕಥೆಯಿಂದ ನಾವು ಮಕ್ಕಳಿಗೆ ದಾಟಿಸಬೇಕಾದ್ದು ಆ ನಡುವಿನ ವರ್ಷಗಳನ್ನು. ದಾಟಿಸುತ್ತಿರುವುದು ತುದಿಯ ಕೋಟಿಗಳನ್ನು.

ತುದಿಯನ್ನಷ್ಟೇ ಹೊಗಳುವ ಊರಿನಲ್ಲಿ ನಡುವೆ ಎಡವಿದವನು ಬಾಯಿ ಬಿಡುವುದಿಲ್ಲ. ಅದರ ಪರಿಣಾಮ ಎಷ್ಟು ಭೀಕರವಾಗಿರಬಹುದು ಎಂಬುದನ್ನು ಇಡೀ ಕರ್ನಾಟಕ 2019ರ ಜುಲೈ ಕೊನೆಯ ವಾರದಲ್ಲಿ ನೋಡಿತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದ ವಿ. ಜಿ. ಸಿದ್ಧಾರ್ಥ ಉಳ್ಳಾಲದ ನೇತ್ರಾವತಿ ಸೇತುವೆಯ ಬಳಿ ಕಾಣೆಯಾದರು. ಎರಡು ದಿನದ ನಂತರ ಶವ ಸಿಕ್ಕಿತು. ಅವರದೆಂದು ಹೊರಬಂದ ಪತ್ರದಲ್ಲಿ ಎಲ್ಲ ಹೊಣೆಯೂ ತನ್ನೊಬ್ಬನದೇ ಎಂಬ ಮಾತಿತ್ತು, ಕೆಲವು ವ್ಯವಹಾರಗಳು ಮನೆಯವರಿಗೂ ಆಡಳಿತದವರಿಗೂ ತಿಳಿದಿರಲಿಲ್ಲ ಎಂಬ ಮಾತೂ ಇತ್ತು. ಅವರ ಮನಸ್ಸಿನಲ್ಲಿ ಏನಿತ್ತೆಂದು ತೀರ್ಪು ಕೊಡುವ ಅಧಿಕಾರ ಹೊರಗಿನವರಾದ ನಮಗಿಲ್ಲ. ಅವರ ಪತ್ನಿ ಮಾಳವಿಕಾ ಹೆಗ್ಡೆ 2020ರ ಡಿಸೆಂಬರಿನಲ್ಲಿ ಕಂಪೆನಿಯ ಹೊಣೆ ಹೊತ್ತು, ಸಾಲವನ್ನು ಬಹುಪಾಲು ಇಳಿಸಿದರು ಎಂಬುದು ಮಾತ್ರ ಎಲ್ಲರಿಗೂ ತಿಳಿದ ವಿಷಯ. ಸಾಲಕ್ಕೆ ದಾರಿಯಿತ್ತು. ಸಾಲ ಹೊತ್ತವನು ಅದನ್ನು ಇಳಿಸಿಟ್ಟು ಕೂರಲು ಒಂದು ಜಾಗ ಇರಲಿಲ್ಲವೇನೋ.

ಕಾನೂನು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತಿಕೆ ತೋರಿಸಿದೆ. ‘ಪ್ರೈವೇಟ್ ಲಿಮಿಟೆಡ್’ ಎಂದು ನೋಂದಾಯಿಸಿದ ದಿನವೇ ಕಂಪೆನಿ ಬೇರೆ ವ್ಯಕ್ತಿ, ಕಟ್ಟಿದವನು ಬೇರೆ ವ್ಯಕ್ತಿ ಎಂದು ಅದು ಹೇಳಿತು. ಕಂಪೆನಿಯ ಸಾಲಕ್ಕೆ ಕಟ್ಟಿದವನ ಮನೆ ಹರಾಜಾಗಬೇಕಿಲ್ಲ. ಆ ಗೋಡೆಯನ್ನು ಕೆಡವುವುದು ಬ್ಯಾಂಕಿನ ಮೇಜಿನ ಮೇಲೆ ಹಾಕುವ ವೈಯಕ್ತಿಕ ಜಾಮೀನಿನ ಒಂದು ಸಹಿ. ಪಕ್ಕದಲ್ಲಿ ಅಪ್ಪನ ಸಹಿ, ಹಿಂದೆ ತೋಟದ ಪಹಣಿ. ಸಹಿ ಹಾಕಲೇಬೇಡಿ ಎಂದು ಹೇಳುವುದು ಸುಲಭ. ಸಹಿ ಇಲ್ಲದೆ ಸಾಲ ಹುಟ್ಟದ ದಿನವೂ ಇರುತ್ತದೆ. ಆದರೆ ಹಾಕುವ ಮೊದಲು ಆ ಕಾಗದವನ್ನು ಮನೆಯವರೆಲ್ಲರ ನಡುವೆ, ತಂಗಿಯೂ ಅಮ್ಮನೂ ಕೇಳುವ ಹಾಗೆ, ಗಟ್ಟಿಯಾಗಿ ಓದಬಹುದಲ್ಲ?

ತಾಳಮದ್ದಳೆ ಕೇಳಿ ಬೆಳೆದ ಊರು ನಮ್ಮದು. ಎದುರಿನ ಅರ್ಥಧಾರಿ ಎಸೆದ ಪ್ರಶ್ನೆಯನ್ನು ದಾಟಿ ಹೋದವನನ್ನು ಸಭಿಕರು ಕ್ಷಮಿಸುವುದಿಲ್ಲ. ಎದುರಾಳಿ ಒಳ್ಳೆಯವನಿದ್ದರೆ ತನ್ನ ಪಾತ್ರವೂ ಏರುತ್ತದೆ ಎಂದು ಬಲ್ಲವರಿಗೆ ಗೊತ್ತು. ಕಂಪೆನಿ ಕಟ್ಟುವವನಿಗೂ ಅಂಥ ಒಬ್ಬರು ಬೇಕು. ಹಣ ಹಾಕಿದವರಲ್ಲದ, ಹೊಗಳಿ ಏನೂ ಆಗಬೇಕಾಗಿಲ್ಲದ ಒಬ್ಬರು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇರಬಹುದು, ಕಾಲೇಜಿನ ಮೇಷ್ಟ್ರು ಇರಬಹುದು, ಕಂಪೆನಿ ಮುಚ್ಚಿ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿರುವ ಹಿರಿಯ ಭಾವನೂ ಆಗಬಹುದು. ಮೂರು ತಿಂಗಳಿಗೊಮ್ಮೆ ಅವರ ಎದುರು ಕೂತು, ಬಂದದ್ದು, ಹೋದದ್ದು, ಕೊಡಬೇಕಾದ್ದು, ಎಷ್ಟು ತಿಂಗಳಿಗೆ ಸಾಕಾಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳುವುದು. ನಿದ್ದೆ ಹೋಗಿ, ಬದುಕೇ ಬೇಡವೆನಿಸುವ ಹಂತ ಬಂದರೆ ಅದು ಲೆಕ್ಕದ ಪ್ರಶ್ನೆಯಲ್ಲ, ವೈದ್ಯರ ಪ್ರಶ್ನೆ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತಾಡಬಹುದು.

ಕೇಳುವವರ ಪಾಲಿಗೂ ಒಂದು ಕೆಲಸವಿದೆ. ಮಗ ನಷ್ಟವಾಯಿತೆಂದು ಹೇಳಿದ ಕ್ಷಣ “ನಾನು ಅಂದೇ ಹೇಳಿದ್ದೆ” ಎನ್ನುವ ಅಪ್ಪನಿಗೆ ಮುಂದಿನ ಸಲ ಯಾವ ಸುದ್ದಿಯೂ ಸಿಗುವುದಿಲ್ಲ. ನಷ್ಟವನ್ನು ನಷ್ಟವೆಂದೇ ಕೇಳಿಸಿಕೊಂಡು, ಮಗನನ್ನೇ ನಷ್ಟದ ಬಾಬತ್ತಿಗೆ ಸೇರಿಸದಿರುವುದು ಮನೆಯವರು ಕಲಿಯಬೇಕಾದ ವಿದ್ಯೆ. ಬೆಲೆ ಬಿದ್ದ ವರ್ಷ ಅಡಿಕೆ ಬೆಳೆದವನನ್ನು ಯಾರೂ ಸೋತವನೆಂದು ಕರೆಯುವುದಿಲ್ಲ. ಅಷ್ಟೇ ಔದಾರ್ಯ ಇಲ್ಲಿಯೂ ಸಾಕು.

ಕಟ್ಟುವವನಿಗೂ ಇದರಿಂದ ಬಿಡುಗಡೆಯಷ್ಟೇ ಅಲ್ಲ, ಬಾಧ್ಯತೆಯೂ ಬರುತ್ತದೆ. ತನ್ನ ಲೆಕ್ಕವನ್ನು ಒಬ್ಬರ ಎದುರು ನಿಜವಾಗಿ ಹೇಳಲು ಕಲಿತವನು ಕೆಲಸಗಾರರ ಎದುರೂ ಹೇಳಬೇಕಾಗುತ್ತದೆ. ಮುಂದಿನ ತಿಂಗಳ ಸಂಬಳ ಕಷ್ಟವೆಂದು ಈ ತಿಂಗಳೇ ಗೊತ್ತಿದ್ದರೆ ಈ ತಿಂಗಳೇ ಹೇಳಬೇಕು. ಅವನ ಕೈಕೆಳಗೆ ದುಡಿಯುವ ಹುಡುಗಿಗೂ ಕಡಬದಲ್ಲೋ ಈಶ್ವರಮಂಗಲದಲ್ಲೋ ಒಂದು ಮನೆಯಿದೆ, ಅಲ್ಲಿ ಕಂತು ಕಟ್ಟುವ ತಾರೀಕಿದೆ. ತನ್ನ ಕನಸಿಗೆ ಅವಳನ್ನು ಕೇಳದೆಯೇ ಸಾಲ ಪಡೆಯುವ ಹಕ್ಕು ಅವನಿಗಿಲ್ಲ. ಹೇಳಿದರೆ ಇಬ್ಬರು ಬಿಟ್ಟು ಹೋಗಬಹುದು, ಹೋಗಲಿ. ಕೇಳಿಯೂ ಉಳಿದವರು ಆ ದಿನದಿಂದ ಸಂಬಳಕ್ಕೆ ಮಾತ್ರ ದುಡಿಯುವವರಾಗಿರುವುದಿಲ್ಲ. ಹಾಗೆ ಉಳಿದ ನಾಲ್ಕು ಜನರ ಎದುರು ಅವನು ಮುಂದಿನ ತಿಂಗಳೂ ಲೆಕ್ಕ ಓದಬೇಕು, ಮತ್ತು ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಪ್ರಶ್ನೆ ಕೇಳಿದರೆ ಸಿಟ್ಟು ಮಾಡಿಕೊಳ್ಳಬಾರದು.